ಕೋಟೆಯೊಳಗೆ ಕಾಲಿಡುವ ಮುನ್ನ ಕಂದಕದ ಆಚೆ ನಿಲ್ಲಿ

ಚಳಿ ಬಿತ್ತೆಂದರೆ ಬೀದರ್ ಕೋಟೆ ಮುಂದೆ ಗಾಡಿಗಳ ಸಾಲು. ಕೋಟೆಗೆ ಎರಡು ತಾಸು, ಗವಾನ್ ಮದರಸಾಕ್ಕೆ ಅರ್ಧ ತಾಸು, ಗುರುದ್ವಾರ, ಝರಣಿ, ಊಟ, ವಾಪಸ್. ಮನೆಮಂದಿಯನ್ನು ಕರಕೊಂಡು ಹೋದವರಿಗೆ ಅಷ್ಟು ಸಾಕು, ಬಿಡಿ. ಆದರೆ ಇತಿಹಾಸದ ಹುಚ್ಚು ಹಿಡಿದು, "ಈ ಸಲ ಯುದ್ಧ ನಡೆದ ಜಾಗಗಳನ್ನೇ ನೋಡೋಣ" ಎಂದು ಹೊರಡುವವರೂ ಇದನ್ನೇ ಮಾಡುತ್ತಾರಲ್ಲ, ನನ್ನ ತಕರಾರು ಅದಕ್ಕೆ. ಕೋಟೆಯೊಳಗಿನ ರಂಗೀನ್ ಮಹಲಿನ ಮುತ್ತಿನಚಿಪ್ಪಿನ ಕುಸುರಿ ನೋಡಿದರೆ ಸುಲ್ತಾನ ಹೇಗೆ ಬದುಕಿದ ಎಂಬುದು ಗೊತ್ತಾಗುತ್ತದೆ. ಕೋಟೆ ಹೇಗೆ ಬಿತ್ತು ಎಂಬುದು ಗೊತ್ತಾಗುವುದಿಲ್ಲ.

ಬೀದರ್, ಕಲಬುರಗಿ, ಯಾದಗಿರಿ ಜಿಲ್ಲೆಗಳಲ್ಲಿ ಇವತ್ತು ಕಾಲಿಟ್ಟು ನೋಡಬಹುದಾದ ರಣರಂಗಗಳು ಹೆಚ್ಚಾಗಿ ಮುತ್ತಿಗೆಯವು. ಮುತ್ತಿಗೆಯಲ್ಲಿ ಕಾಳಗ ನಡೆಯುವುದು ಗೋಡೆಯ ಹೊರಗೆ. ಮೋರ್ಚಾ (ಮರೆಯಾಗಿ ಮುಂದೊತ್ತಲು ಅಗೆದ ತಗ್ಗು) ತೋಡಿದ್ದು, ತೋಪು ಇಟ್ಟಿದ್ದು, ಕಂದಕ ತುಂಬಿದ್ದು, ನೀರಿಗಾಗಿ ಹೊಡೆದಾಡಿದ್ದು ಎಲ್ಲವೂ ಹೊರಗೇ. ಅಲ್ಲೀಗ ತೊಗರಿ ಹೊಲ ಇದೆ, ಮನೆ ಇದೆ, ಬಳ್ಳಾರಿ ಜಾಲಿ ಬೆಳೆದಿದೆ. ಟಿಕೆಟ್ ಇಲ್ಲ, ಫಲಕವೂ ಇಲ್ಲ. ಅದಕ್ಕೇ ಯಾರೂ ನೋಡುವುದಿಲ್ಲ.

ಇನ್ನೊಂದು ತಪ್ಪು, ಒಂದೇ ಪ್ರವಾಸದಲ್ಲಿ ಎಲ್ಲವನ್ನೂ ತುರುಕುವುದು. ಮಳಖೇಡ, ಮುದಗಲ್, ರಾಯಚೂರು, ತಾಳಿಕೋಟೆ ಎಲ್ಲ ಸೇರಿಸಿ ಐದು ದಿನ ಓಡಿದರೆ ಕೊನೆಗೆ ನೆನಪಿನಲ್ಲಿ ಉಳಿಯುವುದು ಟೋಲ್ ಗೇಟ್ ಮಾತ್ರ. ಒಂದು ಎಳೆ ಹಿಡಿಯಿರಿ. ನಮ್ಮಲ್ಲಿ ಅಂಥ ಒಳ್ಳೆಯ ಎಳೆ ಇದೆ. 1657ರಲ್ಲಿ ಔರಂಗಜೇಬ ಇನ್ನೂ ಶಹಜಾದೆ, ವಯಸ್ಸು 38. ಬೀದರಿನಂಥ ಕೋಟೆಯನ್ನು 27 ದಿನದಲ್ಲಿ ತೆಗೆದುಕೊಂಡ. 1705ರಲ್ಲಿ ಅವನು ಬಾದಶಹ, ವಯಸ್ಸು 86. ಸುರಪುರದ ಪಕ್ಕದ ವಾಗಣಗೇರಾ ಗುಡ್ಡದ ಮುಂದೆ ಎರಡೂವರೆ ತಿಂಗಳಿಗೂ ಮಿಕ್ಕಿ ಕೂತ. ಅವನು ತಾನೇ ಮುಂದೆ ನಿಂತು ನಡೆಸಿದ ಕೊನೆಯ ಮುತ್ತಿಗೆ ಅದು. ಮುತ್ತಿಗೆಗಾರ ಒಬ್ಬನೇ, ನಡುವೆ 48 ವರ್ಷ. ಎರಡೂ ನಮ್ಮ ಮೂರು ಜಿಲ್ಲೆಗಳ ಒಳಗೇ ಇವೆ.

ದಾರಿ ಹೀಗೆ: ಕಲಬುರಗಿಯಿಂದ ಹುಮನಾಬಾದ್ ಮೇಲೆ ಬೀದರ್, ಸುಮಾರು 115 ಕಿ.ಮೀ. ಬೀದರಿನಿಂದ ಬಸವಕಲ್ಯಾಣ 80. ಅಲ್ಲಿಂದ ಮರಳಿ ಹುಮನಾಬಾದ್ ಮೇಲೆ ಕಲಬುರಗಿ 90. ಕಲಬುರಗಿಯಿಂದ ಜೇವರ್ಗಿ, ಶಹಾಪುರ ದಾಟಿ ಸುರಪುರ 110. ಸುರಪುರದ ಸುತ್ತಾಟಕ್ಕೆ 50, ಮನೆಗೆ ಮರಳಲು ಮತ್ತೆ 110. ಒಟ್ಟು 550 ಕಿ.ಮೀ. ಆಸುಪಾಸು. ನಾಲ್ಕು ದಿನ, ಮೂರು ರಾತ್ರಿ. ಲೀಟರಿಗೆ 15 ಕಿ.ಮೀ. ಕೊಡುವ ಗಾಡಿಗೆ ಲೆಕ್ಕಕ್ಕೆ 37 ಲೀಟರು ಸಾಕು, ಆದರೆ ಎಸಿ ಮತ್ತು ಹಳ್ಳಿ ದಾರಿ ಸೇರಿಸಿ 45 ಹಿಡಿಯಿರಿ.

ಹೋಗುವ ಕಾಲ ನವೆಂಬರ್ ನಡುವಿನಿಂದ ಫೆಬ್ರುವರಿ ಮುಗಿಯುವ ತನಕ. ಮಾರ್ಚಿ ಹಿಡಿಯಿತೆಂದರೆ ಹನ್ನೊಂದು ಗಂಟೆಗೆ ಬಂಡೆಗಲ್ಲು ಕಾದು ಹಂಚಾಗುತ್ತದೆ. ಮಳೆಗಾಲದಲ್ಲಿ ಎರೆ ಹೊಲದ ದಾರಿಗೆ ಗಾಡಿ ಇಳಿಸಬೇಡಿ. ಎರೆ ಮಣ್ಣು ಟೈರಿಗೂ ಮಡ್‌ಗಾರ್ಡಿಗೂ ನಡುವೆ ಮೆತ್ತಿಕೊಂಡು ಗಾಲಿಯೇ ತಿರುಗದಂತಾಗುತ್ತದೆ. ಆಗ ಆಕ್ಸಿಲರೇಟರ್ ಒತ್ತಿದಷ್ಟೂ ಗಾಡಿ ಹುಗಿಯುತ್ತದೆ, ಕಟ್ಟಿಗೆ ತಗೊಂಡು ಮಣ್ಣು ಕೆರೆಯುವುದೇ ದಾರಿ.

ಮೊದಲ ದಿನ ಬೀದರ್. ಕೋಟೆ ಗೇಟಿಗೆ ಹೋಗುವ ಮುಂಚೆ ಊರ ಕಡೆಯ ಕಂದಕದ ಹೊರ ಅಂಚಿಗೆ ಹೋಗಿ ನಿಲ್ಲಿ. ಬೀದರ್ ಇರುವುದು ಪ್ರಸ್ಥಭೂಮಿಯ ತುದಿಯಲ್ಲಿ. ಒಂದು ಮಗ್ಗುಲಿಗೆ ನೆಲವೇ ಕಡಿದಾಗಿ ಕೆಳಗಿಳಿಯುತ್ತದೆ, ಅಲ್ಲಿ ತೋಪು ಎಳೆದು ತರಲು ಆಗದು. ಊರ ಕಡೆ ನೆಲ ಸಪಾಟು, ಅಪಾಯ ಬರುವುದು ಇತ್ತಲಿಂದಲೇ. ಅದಕ್ಕೇ ಇಲ್ಲಿ ಮೂರು ಪದರದ ಕಂದಕ. ಜಂಬಿಟ್ಟಿಗೆಯ ನೆಲವನ್ನೇ ಕಡಿದು, ನಡುವೆ ಎರಡು ಗೋಡೆಯಂತೆ ಕಲ್ಲು ಬಿಟ್ಟಿದ್ದಾರೆ. ಒಂದು ಕಂದಕ ತುಂಬಿ ದಾಟಿದವನಿಗೆ ಇನ್ನೆರಡು ಕಾದಿರುತ್ತವೆ. ಜಂಬಿಟ್ಟಿಗೆ ಅಗೆಯುವಾಗ ಮೆತ್ತಗಿದ್ದು ಗಾಳಿ ತಗುಲಿದಂತೆ ಗಟ್ಟಿಯಾಗುವ ಕಲ್ಲು. ಈ ಗುಣ ಕೋಟೆ ಕಟ್ಟಿದವನಿಗೂ ಅನುಕೂಲ, ಹೊರಗೆ ಮೋರ್ಚಾ ತೋಡಿದವನಿಗೂ ಅನುಕೂಲ ಎಂಬುದನ್ನು ಮರೆಯಬೇಡಿ. ಔರಂಗಜೇಬನ ಸೇನಾಪತಿ ಮೀರ್ ಜುಮ್ಲಾನ ಜನ ಎರಡೇ ದಿನದಲ್ಲಿ ಕಂದಕದ ಅಂಚಿಗೆ ಬಂದು ಮುಟ್ಟಿದ್ದರು.

ಬಿಜಾಪುರದ ಸುಲ್ತಾನನ ಪರವಾಗಿ ಕೋಟೆ ಕಾಯುತ್ತಿದ್ದ ಕಿಲ್ಲೇದಾರ ಸಿದ್ದಿ ಮರ್ಜಾನ್. 1657ರ ಮಾರ್ಚಿ ಕೊನೆಗೆ ತೋಪಿನ ಏಟಿಗೆ ಬುರುಜುಗಳು ಒಡೆದಿದ್ದವು. ಮುತ್ತಿಗೆಯವರು ನುಗ್ಗುವ ಹೊತ್ತಿಗೆ ಸರಿಯಾಗಿ ಹವಾಯಿ ಬಾಣದ ಕಿಡಿಯೊಂದು ಬುರುಜಿನ ಹಿಂದೆ ಇಟ್ಟಿದ್ದ ಸಿಡಿಮದ್ದಿಗೆ ಬಿತ್ತು. ಮರ್ಜಾನ್ ಮಕ್ಕಳ ಸಮೇತ ಸುಟ್ಟು ಗಾಯಗೊಂಡು, ಕೋಟೆಯ ಕೀಲಿ ಕಳಿಸಿಕೊಟ್ಟ. ಗೋಡೆ ಸೋಲಲಿಲ್ಲ, ಮದ್ದು ಇಟ್ಟ ಜಾಗ ಸೋಲಿಸಿತು. ಒಳಗೆ ಹೋದಾಗ ಬುರುಜುಗಳ ಮೇಲೆ ಹತ್ತಿ, ಮದ್ದನ್ನು ಕಿಡಿಯಿಂದ ಕಾಪಾಡಲು ಇಲ್ಲಿ ಎಲ್ಲಿ ಇಡಬಹುದಿತ್ತು ಎಂದು ಸುಮ್ಮನೆ ಹುಡುಕಿ ನೋಡಿ. ಮುಂಡಾ ಬುರುಜಿನ ದೊಡ್ಡ ತೋಪಿನ ಬಾಯಿ ಯಾವ ದಿಕ್ಕಿಗಿದೆ, ಅದರ ಮುಂದೆ ಎಷ್ಟು ದೂರ ಬಯಲು ಕಾಣುತ್ತದೆ, ಇದನ್ನೂ ಬರೆದುಕೊಳ್ಳಿ. ಶರ್ಜಾ ದರವಾಜದ ದಾರಿ ನೇರವಾಗಿಲ್ಲ, ತಿರುಗುತ್ತದೆ. ಆನೆ ಓಡಿ ಬಂದು ಬಾಗಿಲಿಗೆ ಗುದ್ದದಿರಲಿ ಎಂದು. ರಂಗೀನ್ ಮಹಲಿಗೆ ಬೀಗ ಇರುವುದೇ ಹೆಚ್ಚು, ಒಳಗಿನ ಪುರಾತತ್ವ ಇಲಾಖೆಯವರನ್ನು ಕೇಳಿ ತೆಗೆಸಬೇಕು.

ಒಂದು ತಪ್ಪು ತಿಳಿವಳಿಕೆ ಇಲ್ಲೇ ಬಿಡಿಸಿಬಿಡುತ್ತೇನೆ. 1472ರಲ್ಲಿ ಕಟ್ಟಿದ ಗವಾನ್ ಮದರಸಾದ ಮುರಿದ ಭಾಗ ತೋರಿಸಿ "ಇದು ಔರಂಗಜೇಬನ ಮುತ್ತಿಗೆಯಲ್ಲಿ ಒಡೆದದ್ದು" ಎನ್ನುವವರಿದ್ದಾರೆ. ಅಲ್ಲ. ಅದು 1690ರ ದಶಕದಲ್ಲಿ, ಮೊಗಲರ ಕೈಯಲ್ಲಿ ಇದ್ದಾಗ, ಮದ್ದು ಸಿಡಿದು ಆದದ್ದು. ಬೀದರಿಗೆ ಮದ್ದಿನ ಜೊತೆ ಯಾವ ಜನ್ಮದ ವೈರವೋ.

ಎರಡನೇ ದಿನ ಬಸವಕಲ್ಯಾಣ. ಬೆಳಿಗ್ಗೆ ಏಳಕ್ಕೆ ಬಿಡಿ. ಕಬ್ಬು ನುರಿಸುವ ದಿನಗಳಲ್ಲಿ ಬೀದರ್ ಜಿಲ್ಲೆಯ ರಸ್ತೆಯಲ್ಲಿ ಕತ್ತಲಾದ ಮೇಲೆ ಗಾಡಿ ಓಡಿಸಬೇಡಿ. ಜೋಡಿ ಟ್ರಾಲಿ ಕಟ್ಟಿದ ಟ್ರ್ಯಾಕ್ಟರಿಗೆ ಹಿಂದೆ ದೀಪ ಇರುವುದಿಲ್ಲ, ಕಬ್ಬು ಎರಡೂ ಕಡೆ ಚಾಚಿರುತ್ತದೆ, ಎದುರಿನ ಗಾಡಿಯ ಬೆಳಕು ಕಣ್ಣಿಗೆ ಬಿದ್ದಾಗ ಟ್ರಾಲಿ ಕಾಣುವುದೇ ಇಲ್ಲ.

ಕಲ್ಯಾಣದ ಕೋಟೆಯನ್ನು ಅದೇ 1657ರ ಬೇಸಿಗೆಯಲ್ಲಿ ಮುತ್ತಿದ್ದು. ಬೀದರ್ ಒಂದು ತಿಂಗಳೊಳಗೆ ಬಿದ್ದರೆ ಇದು ಆಗಸ್ಟ್ 1ರ ತನಕ ತಡೆಯಿತು. ನೋಡಿದರೆ ಬೀದರಿನ ಅರ್ಧದಷ್ಟೂ ಇಲ್ಲ! ಕಾರಣ ಎರಡು. ಒಳಗಿದ್ದ ದಿಲಾವರ್ ಹಬ್ಶಿ ಗಟ್ಟಿ ಮನುಷ್ಯ, ಮತ್ತು ಹೊರಗೆ ಬಿಜಾಪುರದ ಕುದುರೆ ಪಡೆ ಬೀದರಿನಿಂದ ಬರುವ ದಾಣಿ ದಾರಿಯನ್ನು ಕಡಿಯುತ್ತಿತ್ತು. ನೀವು ಬೆಳಿಗ್ಗೆ ಎರಡು ತಾಸಿನಲ್ಲಿ ಬಂದಿರಲ್ಲ, ಸುಮಾರು ಅದೇ ಸೀಮೆ. ಮೊಗಲರು ಕಂದಕಕ್ಕೆ ಮುಳ್ಳುಕಂಟಿ, ಹುಲ್ಲು ತುಂಬಿದರು. ಕೋಟೆಯವರು ಗೋಡೆಯ ಮೇಲಿಂದ ನಾಫ್ತಾ ಎಣ್ಣೆ, ಮದ್ದು ಸುರಿದು ಬೆಂಕಿ ಇಟ್ಟರು, ತುಂಬಿದ್ದೆಲ್ಲ ಬೂದಿ. ಆಮೇಲೆ ಕಲ್ಲು ಮಣ್ಣು ಹೊತ್ತು ಹಾಕಬೇಕಾಯಿತು. ಕಂದಕದ ಅಂಚಿನಲ್ಲಿ ನಿಂತು ಅಗಲವನ್ನು ಹೆಜ್ಜೆಯಿಂದ ಅಂದಾಜು ಮಾಡಿ. ನಡೆಯುವ ಒಂದು ಹೆಜ್ಜೆಗೆ ಎರಡೂವರೆ ಅಡಿ ಲೆಕ್ಕ. ಎಷ್ಟು ಬುಟ್ಟಿ ಮಣ್ಣು ಬೇಕಾದೀತು ಎಂದು ನಿಮಗೇ ಹೊಳೆಯುತ್ತದೆ. ಕೋಟೆಗೆ ಎರಡೂವರೆ ತಾಸು ಕೊಡಿ, ಅದರಲ್ಲಿ ಒಂದು ತಾಸು ಹೊರಗೆ.

ಕಲಬುರಗಿ ಕೋಟೆ ನಮ್ಮೂರದ್ದು, ಮುನಿಸಿಕೊಳ್ಳಬೇಡಿ, ಆದರೆ ಈ ಎಳೆಗೆ ಅದು ಬೇಕಿಲ್ಲ. 29 ಅಡಿ ಉದ್ದದ ತೋಪು ನೋಡಿ, 1367ರ ಜಾಮಾ ಮಸೀದಿಯೊಳಗೆ ಹತ್ತು ನಿಮಿಷ ಕೂತು, ಮಲಗಿ.

ಮೂರನೇ ದಿನ ಸುರಪುರದ ಕಡೆ. ಜೇವರ್ಗಿ ರಸ್ತೆಯಲ್ಲಿ ಭೀಮೆಯ ದಂಡೆಗೆ ಫಿರೋಜಾಬಾದ್ ಇದೆ, ಫಿರೋಜ್ ಶಹಾ ಬಹಮನಿ ಕಟ್ಟಿದ ಊರು. ದೊಡ್ಡ ಗೋಡೆ, ಒಳಗೆ ಹೊಲ. ಒಂದು ತಾಸು ಸಾಕು. ಶಹಾಪುರದಲ್ಲಿ ಬುದ್ಧ ಮಲಗಿದ ಬೆಟ್ಟವನ್ನು ರಸ್ತೆಯಿಂದಲೇ ನೋಡಿ, ಎಣ್ಣೆ ತುಂಬಿಸಿಕೊಂಡು ಮುಂದೆ ನಡೆಯಿರಿ. ಡಿಸೆಂಬರ್, ಜನವರಿಯಲ್ಲಿ ಈ ಹಳ್ಳಿ ದಾರಿಗಳಲ್ಲಿ ರಾಶಿಗಾಗಿ ಬೆಳೆ ಹಾಸಿರುತ್ತಾರೆ. ಅದರ ಮೇಲೆ ಹಾಯಬೇಡಿ, ಕೆಳಗಿಳಿದು ಪಕ್ಕಕ್ಕೆ ಸರಿಸಲು ಕೇಳಿ. ಒಣ ಕಣಿಕೆ ಆಕ್ಸೆಲಿಗೆ ಸುತ್ತಿಕೊಂಡು ಕಾದ ಸೈಲೆನ್ಸರಿಗೆ ತಾಗಿತೆಂದರೆ ಬೆಂಕಿ. ಹಾಯಲೇಬೇಕಾಗಿ ಬಂದರೆ ದಾಟಿದ ಕೂಡಲೇ ನಿಲ್ಲಿಸಿ, ಬಗ್ಗಿ ನೋಡಿ, ಕೋಲಿನಿಂದ ಕಿತ್ತು ತೆಗೆಯಿರಿ.

ಸಂಜೆ ಸುರಪುರ. ಗುಡ್ಡಗಳ ನಡುವೆ ಅಡಗಿದ ಊರು. 1858ರ ಫೆಬ್ರುವರಿ 7 ಮತ್ತು 8ರಂದು ರಾಜಾ ವೆಂಕಟಪ್ಪ ನಾಯಕರ ಜನ ಬ್ರಿಟಿಷರ ಮೇಲೆ ಬಿದ್ದದ್ದು ಇಲ್ಲಿ. ಕ್ಯಾಪ್ಟನ್ ನ್ಯೂಬೆರಿ ಸತ್ತದ್ದು ಈ ಕಾಳಗದಲ್ಲೇ. ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರನ ಬಂಗಲೆ ಟೇಲರ್ ಮಂಜಿಲ್ ಇರುವ ಗುಡ್ಡ ಹತ್ತಿ ಸುತ್ತ ನೋಡಿದರೆ ಊರೊಳಗೆ ಬರಲು ಎಷ್ಟು ಕಡಿಮೆ ದಾರಿಗಳಿವೆ ಎಂದು ಕಾಣುತ್ತದೆ. ವಾಗಣಗೇರಾ ಕಳಕೊಂಡ ಮೇಲೆ ನಾಯಕರು ರಾಜಧಾನಿಗೆ ಈ ಜಾಗವನ್ನು ಏಕೆ ಆರಿಸಿದರು ಎಂಬುದಕ್ಕೆ ಬೇರೆ ಉತ್ತರ ಬೇಕಿಲ್ಲ. ಸುರಪುರದಲ್ಲಿ ವಸತಿ ಕಡಿಮೆ. ಮೊದಲೇ ಫೋನ್ ಮಾಡಿ, ಸಿಗದಿದ್ದರೆ ಶಹಾಪುರದಲ್ಲಿ ಉಳಿದು ನಸುಕಿನಲ್ಲಿ 25 ಕಿ.ಮೀ. ಬನ್ನಿ.

ನಾಲ್ಕನೇ ದಿನದ ಬೆಳಗು ಪೂರ್ತಿ ವಾಗಣಗೇರಾಕ್ಕೆ. ಸುರಪುರದ ಪಶ್ಚಿಮಕ್ಕೆ ಸುಮಾರು ಹತ್ತು ಕಿ.ಮೀ. ಇಂಗ್ಲಿಷಿನಲ್ಲಿ ಬರೆದ ಹಳೆಯ ಇತಿಹಾಸಗಳಲ್ಲಿ ಈ ಹೆಸರು ವಾಕಿನಖೇರಾ, ವಾಗಿನಗೇರಾ ಎಂದೆಲ್ಲ ಆಗಿದೆ. ಮ್ಯಾಪಿನಲ್ಲಿ ಒಂದು ಕಾಗುಣಿತಕ್ಕೆ ಸಿಗದಿದ್ದರೆ ಇನ್ನೊಂದು ಹಾಕಿ. ಅದಕ್ಕಿಂತ ಒಳ್ಳೆಯದು ಊರಿನ ಹಿರಿಯರನ್ನು ಕೇಳುವುದು: "ಕಾಕಾ, ಹಳೀ ಕ್ವಾಟಿ ದಾರಿ ಯಾವುದರಿ?" ಮನೆಯಿಂದ ಹೊರಡುವ ಮುಂಚೆಯೇ ಸರ್ವೆ ಆಫ್ ಇಂಡಿಯಾದ 1:50,000 ನಕ್ಷೆಯನ್ನು ಇಳಿಸಿಕೊಂಡು ಮುದ್ರಿಸಿ ಇಟ್ಟುಕೊಳ್ಳಿ. ಅದರಲ್ಲಿ ಎರಡು ಸೆಂಟಿಮೀಟರ್ ಅಂದರೆ ಒಂದು ಕಿ.ಮೀ. ಗುಡ್ಡದ ಏರಿಳಿತ ಗೆರೆಗಳಲ್ಲಿ ಕಾಣುತ್ತದೆ, ಫೋನಿನ ಮ್ಯಾಪಿನಲ್ಲಿ ಅದು ಅಷ್ಟು ಚೆನ್ನಾಗಿ ಕಾಣದು.

ಬೆಳಗಿನ ಆರೂವರೆಗೆ ಹತ್ತಲು ಶುರು ಮಾಡಿ, ಹತ್ತೂವರೆಗೆ ಇಳಿದುಬಿಡಿ. ತಲೆಗೆ ಮೂರು ಲೀಟರ್ ನೀರು, ಜೊತೆಗೆ ಶೇಂಗಾ ಹಿಂಡಿ ಹಚ್ಚಿದ ಎರಡು ಕಟಿ ರೊಟ್ಟಿ. ಚಪ್ಪಲಿ ಬೇಡವೇ ಬೇಡ, ಜಾಲಿಮುಳ್ಳು ತೆಳು ಸೋಲಿನ ಬೂಟನ್ನೂ ತೂರುತ್ತದೆ, ಟೈರನ್ನೂ. ಸ್ಟೆಪ್ನಿಯ ಗಾಳಿಯನ್ನು ಹಿಂದಿನ ದಿನವೇ ನೋಡಿಕೊಂಡಿರಬೇಕು. ಗೋಡೆಯ ಸಂದಿಗೆ ಕೈ ಹಾಕಬೇಡಿ, ಚೇಳು. ಹೆಜ್ಜೇನು ಕಂಡರೆ ಸೆಂಟು, ಹೊಗೆ, ಗದ್ದಲ ಮೂರೂ ಬೇಡ.

ಹತ್ತುವ ಮುನ್ನ ಇಲ್ಲೂ ಕೆಳಗೇ ನಿಲ್ಲಬೇಕು. 1705ರ ಫೆಬ್ರುವರಿಯಲ್ಲಿ ವಾಗಣಗೇರಾ ಆಳುತ್ತಿದ್ದ ಪಿಡ್ಡ ನಾಯಕನ ಎದುರಿಗೆ ಬಂದಿಳಿದ ಮೊಗಲರು ಮೊದಲು ಹಿಡಿದದ್ದು ಕೋಟೆಯನ್ನಲ್ಲ, ಅದಕ್ಕೆ ಎದುರಾಗಿರುವ ದಿಬ್ಬವನ್ನು. ಅವರ ಬಾಯಲ್ಲಿ ಅದು ಲಾಲ್ ಟೇಕ್ಡಿ. ಹಿಡಿದರು, ಕಳಕೊಂಡರು. ಎತ್ತರದ ಜಾಗ ಕೈಯಲ್ಲಿಲ್ಲದೆ ಗುಡ್ಡದ ಕೋಟೆಗೆ ತೋಪು ಹೊಡೆದರೆ ಗುಂಡು ಇಳಿಜಾರಿಗೆ ಬಡಿಯುತ್ತದೆ, ಗೋಡೆಗಲ್ಲ. ಸಾಲದ್ದಕ್ಕೆ ಧನಾಜಿ ಜಾಧವನ ಮರಾಠಾ ಕುದುರೆಗಳು ನಾಯಕನ ಬೆನ್ನಿಗೆ ಬಂದವು. ಮುತ್ತಿದವರೇ ಮುತ್ತಿಗೆಯಲ್ಲಿ ಸಿಕ್ಕಂತಾಯಿತು. ಮಾರ್ಚಿ ಕೊನೆಗೆ ಮೊಗಲ್ ಸೇನಾಪತಿ ಜುಲ್ಫಿಕರ್ ಖಾನ್ ಬಂದ ಮೇಲೆ ಲೆಕ್ಕ ಬದಲಾದದ್ದು. ಅವನು ಗೋಡೆಗೆ ತಲೆ ಹೊಡೆಯಲಿಲ್ಲ, ಕೋಟೆಯವರು ನೀರು ತರುತ್ತಿದ್ದ ಬಾವಿಗಳನ್ನು ಹಿಡಿದ. ಬಿಸಿಲ ನಾಡಿನಲ್ಲಿ, ಏಪ್ರಿಲ್ ಹತ್ತಿರ. ಅಷ್ಟು ಸಾಕಾಯಿತು. ಏಪ್ರಿಲ್ 27ರ ರಾತ್ರಿ ನಾಯಕ ಮರಾಠರ ಜೊತೆ ಕತ್ತಲಲ್ಲಿ ಜಾರಿಕೊಂಡ. ಮೊಗಲರಿಗೆ ಸಿಕ್ಕಿದ್ದು ಉರಿಯುತ್ತಿದ್ದ ಖಾಲಿ ಕೋಟೆ.

ಆದ್ದರಿಂದ ಇಲ್ಲಿ ನೋಡಬೇಕಾದ ಕ್ರಮ ಮೂರು: ಮೊದಲು ಬಾವಿ, ಹಳ್ಳ ಎಲ್ಲಿವೆ, ಆಮೇಲೆ ಎದುರಿನ ದಿಬ್ಬ, ಕೊನೆಗೆ ಕೋಟೆ. ತಿರುವುಮುರುವು ಮಾಡಿದರೆ ನಾಲ್ಕು ಮುರುಕು ಗೋಡೆ ನೋಡಿ "ಏನಿಲ್ಲಪ್ಪ ಇಲ್ಲಿ" ಎಂದು ಇಳಿದು ಬರುತ್ತೀರಿ. ಹೊಲದೊಳಗಿನ ಬಾವಿ ನೋಡಲು ಹೊಲದವರ ಒಪ್ಪಿಗೆ ಕೇಳಿ. ಗುಂಡು, ಚೂರು, ನಾಣ್ಯ ಕಂಡರೆ ಕಿಸೆಗೆ ಹಾಕಬೇಡಿ, ಕಾನೂನು ಬಿಡುವುದಿಲ್ಲ. ಅದೂ ಅಲ್ಲದೆ, ಕಲ್ಲು ಎತ್ತುವವರನ್ನು ನಿಧಿಗಳ್ಳರೆಂದು ಊರವರು ತಿಳಿದರೆ ತಪ್ಪು ಅವರದಲ್ಲ. ಡ್ರೋನನ್ನು ಮನೆಯಲ್ಲೇ ಬಿಡಿ, ಸಂರಕ್ಷಿತ ಸ್ಮಾರಕಗಳ ಮೇಲೆ ಅನುಮತಿ ಇಲ್ಲದೆ ಹಾರಿಸುವಂತಿಲ್ಲ.

ತಾಳಿಕೋಟೆ ಸೇರಿಸಲೇಬೇಕು ಎನ್ನುವವರಿಗೆ: ಹುಣಸಗಿ ಮೇಲೆ ಹೋಗಬಹುದು, ಆದರೆ ಆ ಊರಿಗೆ ಹೋಗಿ ಕಾಳಗದ ಬಯಲು ಹುಡುಕಬೇಡಿ. 1565ರಲ್ಲಿ ಸುಲ್ತಾನರು ಕೂಡಿದ್ದು ಅಲ್ಲಿ, ಕಾದಿದ್ದು ಕೃಷ್ಣೆಯ ಹತ್ತಿರ. ಅದಕ್ಕೇ ರಕ್ಕಸಗಿ-ತಂಗಡಗಿ ಎಂಬ ಹೆಸರು. ಅದು ಬೇರೆಯೇ ಪ್ರವಾಸ. ಮಳಖೇಡವೂ ಅಷ್ಟೆ. 972ರಲ್ಲಿ ಪರಮಾರ ಸೀಯಕ ಸೂರೆ ಮಾಡಿದ ಮಾನ್ಯಖೇಟಕ್ಕೆ ಕಲಬುರಗಿಯಿಂದ ಒಂದು ಬೆಳಗ್ಗೆ ಸಾಕು, 40 ಕಿ.ಮೀ. ಕಾಗಿಣಾ ತುಂಬಿದಾಗ ಸೇತುವೆ ಮುಳುಗಿ ಸೇಡಂ ರಸ್ತೆ ಬಂದ್ ಆಗುತ್ತದೆ, ಮಳೆ ಸುದ್ದಿ ಕೇಳಿ ಹೊರಡಿ.

ವಾಗಣಗೇರಾದಿಂದ ಇಳಿದು, ಸುರಪುರದಲ್ಲಿ ಊಟ ಮಾಡಿ, ಕೊನೆಗೆ ದೇವಾಪುರ. ವಾಗಣಗೇರಾದಿಂದ ದಕ್ಷಿಣಕ್ಕೆ ಎಂಟು ಮೈಲಿ, ಕೃಷ್ಣೆಯ ಸೀಮೆ. ಕೋಟೆ ಗೆದ್ದ ಬಾದಶಹ ಪಾಳೆಯ ಇಲ್ಲಿಗೆ ತಂದ, ಇಲ್ಲೇ ಹಾಸಿಗೆ ಹಿಡಿದ. ಅಕ್ಟೋಬರ್ ತನಕ ಅಲುಗಲಿಲ್ಲ. ಆಮೇಲೆ ಪಲ್ಲಕ್ಕಿಯಲ್ಲಿ ಹೊರಟವನು ಅಹಮದನಗರ ಸೇರಿ 1707ರಲ್ಲಿ ತೀರಿಕೊಂಡ. ನೋಡಲು ಇಲ್ಲಿ ಕಟ್ಟಡ ಇಲ್ಲ, ಕಾಲುವೆ ನೀರಿನ ಭತ್ತದ ಗದ್ದೆ ಇದೆ. ಗಾಡಿ ರಸ್ತೆ ಬದಿಗೆ ಹಚ್ಚಿ ಅರ್ಧ ತಾಸು ನಿಲ್ಲಿ. ಮೂರೂವರೆಗೆ ಬಿಟ್ಟರೆ ಶಹಾಪುರ ಮೇಲೆ ಹೊತ್ತು ಮುಳುಗುವುದರೊಳಗೆ ಕಲಬುರಗಿ.