ದನಸಹಾಯ ಮತ್ತು ಹುಣಸೆ ಬೀಜ

ಕಳೆದ ಮಂಗಳವಾರ ಸಂಜೆ ನಾನು ಮೇಲಧಿಕಾರಿಗಳಿಗೆ ಸಲ್ಲಿಸಿದ ಕಡತವೊಂದು ಬುಧವಾರ ಬೆಳಿಗ್ಗೆ ಹತ್ತೂವರೆಗೆಲ್ಲ ನನ್ನ ಪರದೆಗೆ ಹಿಂದಿರುಗಿ ಬಂದಿತ್ತು. ನಮ್ಮ ಕಚೇರಿಯಲ್ಲಿ ಕಡತಗಳು ಇಷ್ಟು ಚುರುಕಾಗಿ ಚಲಿಸುವುದು ಅವುಗಳಲ್ಲಿ ತಪ್ಪಿರುವಾಗ ಮಾತ್ರ ಎಂಬುದನ್ನು ಅನುಭವದಿಂದ ಬಲ್ಲ ನಾನು ಎದೆ ಗಟ್ಟಿ ಮಾಡಿಕೊಂಡು ತೆರೆದೆ. ವಿಷಯದ ಸಾಲಿನಲ್ಲಿ ‘ಜಾನಪದ ಕಲೆಗೆ ಧನಸಹಾಯ ನೀಡುವ ಬಗ್ಗೆ’ ಎಂದು ಇರಬೇಕಾದಲ್ಲಿ ‘ಜಾನಪದ ಕಳೆಗೆ ದನಸಹಾಯ ನೀಡುವ ಬಗ್ಗೆ’ ಎಂದಿತ್ತು. ಅದರ ಕೆಳಗೆ ಸಾಹೇಬರ ಟಿಪ್ಪಣಿ: ‘ಕಳೆ ಯಾವುದು? ದನಗಳು ಎಷ್ಟು? ಪರಿಶೀಲಿಸಿ ಮರುಮಂಡಿಸಿ.’

ದನಗಳು ಕಳೆಯನ್ನು ಮೇಯುವುದರಿಂದ ಆ ವಾಕ್ಯಕ್ಕೆ ಕೃಷಿ ಇಲಾಖೆಯ ಮಟ್ಟಿಗೆ ಒಂದು ಅರ್ಥವಿತ್ತು ಎಂದು ವಾದಿಸಬಹುದಿತ್ತು. ನಮ್ಮದು ಕೃಷಿ ಇಲಾಖೆಯಲ್ಲ. ಪಕ್ಕದ ಮೇಜಿನವರು ಅಂದಿನಿಂದ ಮಧ್ಯಾಹ್ನದ ಕಾಫಿಗೆ ಕರೆಯುವಾಗ ಮೊದಲು ಕರುಗಳ ಕ್ಷೇಮಸಮಾಚಾರವನ್ನು ವಿಚಾರಿಸುತ್ತಿದ್ದಾರೆ.

ಈ ತಪ್ಪು ನಾನು ಎರಡು ಬೆರಳುಗಳಲ್ಲಿ ಟೈಪ್ ಮಾಡುತ್ತಿದ್ದ ಕಾಲದ್ದಾಗಿದ್ದರೆ ಇಷ್ಟು ನೋವಾಗುತ್ತಿರಲಿಲ್ಲ. ಹತ್ತೂ ಬೆರಳುಗಳಲ್ಲಿ, ಕೀಲಿಮಣೆಯನ್ನು ನೋಡದೆ, ಶಾಸ್ತ್ರೋಕ್ತವಾಗಿ ಬೆರಳಚ್ಚು ಕಲಿಯಲು ಮೂರು ತಿಂಗಳಿಂದ ಹೆಣಗುತ್ತಿರುವ ಹೊತ್ತಿನಲ್ಲಿ ಇದು ನಡೆದಿದೆ ಎಂಬುದೇ ನನ್ನ ಸಂಕಟ. ಇಪ್ಪತ್ತೈದು ವರ್ಷ ನಾನು ಹೇಳಿದ್ದನ್ನು, ಕೆಲವೊಮ್ಮೆ ಹೇಳಬೇಕಾಗಿದ್ದನ್ನು ಕೂಡ ತಾವೇ ಊಹಿಸಿ ಟೈಪ್ ಮಾಡಿಕೊಡುತ್ತಿದ್ದ ನಮ್ಮ ಬೆರಳಚ್ಚುಗಾರ್ತಿ ನಿವೃತ್ತರಾದರು. ಆ ಹುದ್ದೆ ಖಾಲಿ ಉಳಿಯಿತು. ಕಡತಗಳೆಲ್ಲ ಗಣಕಯಂತ್ರದೊಳಕ್ಕೆ ಹೋದವು. ಅಲ್ಲಿಂದ ಮುಂದೆ ನಾನು ಮೊರದಲ್ಲಿ ಅಕ್ಕಿ ಹರವಿಕೊಂಡು ಕಲ್ಲು ಆರಿಸುವವರ ಹಾಗೆ ಬೆನ್ನು ಬಾಗಿಸಿ, ತೋರುಬೆರಳುಗಳಿಂದ ಒಂದೊಂದೇ ಅಕ್ಷರವನ್ನು ಹುಡುಕಿ ಒತ್ತುತ್ತಿದ್ದೆ. ವೇಗ ಅಳೆಯುವ ತಾಣವೊಂದರಲ್ಲಿ ಪರೀಕ್ಷಿಸಿಕೊಂಡಾಗ ನಿಮಿಷಕ್ಕೆ 11 ಪದ, ನಿಖರತೆ ಶೇಕಡ 84 ಎಂದು ಬಂತು. ಅಲ್ಲಿಯೂ ಒಂದು ಅನ್ಯಾಯವಿದೆ. ಈ ಲೆಕ್ಕದಲ್ಲಿ ಐದು ಒತ್ತುಗಳಿಗೆ ಒಂದು ಪದ. ‘ಒತ್ತಕ್ಷರ’ ಎಂಬ ನಾಲ್ಕು ಅಕ್ಷರಗಳ ಕನ್ನಡ ಪದವನ್ನು ಮೂಡಿಸಲು ಎಂಟು ಬಾರಿ ಒತ್ತಬೇಕು. ಕನ್ನಡಿಗನ ಶ್ರಮವನ್ನು ಕಂಡವರು ಯಾರು?

ಬೆರಳಚ್ಚು ಕಲಿಯಲು ಕುಳಿತ ಮೇಲೆ ನನಗೆ ಮೊದಲು ಅರಿವಾದದ್ದು, ನನ್ನ ಹತ್ತು ಬೆರಳುಗಳಲ್ಲಿ ಆರಾದರೂ ಐವತ್ತೆರಡು ವರ್ಷಗಳಿಂದ ಏನೂ ಕೆಲಸ ಮಾಡದೆ ಸಂಬಳ ಎಣಿಸಿಕೊಂಡಿವೆ ಎಂಬುದು. ಉಂಗುರದ ಬೆರಳಿಗೆ ನಮ್ಮ ಹಿರಿಯರು ಅನಾಮಿಕಾ ಎಂದು ಕರೆದು ಕೈತೊಳೆದುಕೊಂಡದ್ದು ಏಕೆಂದು ಈಗ ಗೊತ್ತಾಗುತ್ತಿದೆ. ಹೆಸರು ಹಿಡಿದು ಕರೆದರೂ ಅದು ಬರುವುದಿಲ್ಲ. ಎಡಗೈಯ ಅನಾಮಿಕೆಗೆ ‘ಡ’ ಒತ್ತೆಂದರೆ ಮಧ್ಯದ ಬೆರಳು ತಾನೇ ಎದ್ದು ನಿಲ್ಲುತ್ತದೆ. ಕಿರುಬೆರಳಿನ ಕಥೆ ಇನ್ನೂ ದಾರುಣ. ನನ್ನ ಕಿರುಬೆರಳು ಸಾರ್ವಜನಿಕ ಜೀವನದಲ್ಲಿ ಮಾಡಿದ ಏಕೈಕ ಕೆಲಸವೆಂದರೆ ಪ್ರಾಥಮಿಕ ಶಾಲೆಯಲ್ಲಿ ಒಂದಕ್ಕೆ ಹೋಗಲು ಮೇಷ್ಟ್ರ ಅನುಮತಿ ಕೇಳಿದ್ದು. ಅಂಥ ಬೆರಳಿನ ತಲೆಯ ಮೇಲೆ ಈಗ ಎಡಗಡೆ ‘ಅ’, ‘ಟ’, ‘ಞ’ಗಳನ್ನೂ, ಬಲಗಡೆ ಎಂಟರ್ ಮತ್ತು ಬ್ಯಾಕ್‌ಸ್ಪೇಸ್‌ಗಳನ್ನೂ, ಎರಡೂ ಕಡೆ ಶಿಫ್ಟನ್ನೂ ಹೊರಿಸಲಾಗಿದೆ.

ಈ ಶಿಫ್ಟ್ ಎಂಬುದೇ ನನ್ನ ದನಗಳ ಮೂಲ. ಕೆ. ಪಿ. ರಾಯರು ರೂಪಿಸಿದ, ಸರ್ಕಾರವೂ ಒಪ್ಪಿಕೊಂಡಿರುವ, ‘ನುಡಿ’ ತಂತ್ರಾಂಶದ ಮೂಲಕ ಕಚೇರಿ ಕಚೇರಿಗೂ ತಲುಪಿರುವ ಕೀಲಿಮಣೆ ವಿನ್ಯಾಸ ಬುದ್ಧಿವಂತಿಕೆಯಲ್ಲಿ ಯಾರಿಗೂ ಕಡಿಮೆಯದಲ್ಲ. ಇಂಗ್ಲಿಷಿನ ಇಪ್ಪತ್ತಾರು ಅಕ್ಷರಗಳ ಕೀಲಿಗಳಲ್ಲೇ ನಮ್ಮ ಇಡೀ ವರ್ಣಮಾಲೆಯನ್ನು ಅವರು ಕೂರಿಸಿದ್ದಾರೆ. ಎಡಗೈ ತೋರುಬೆರಳು ಸದಾ ಕುಳಿತಿರಬೇಕಾದ, ತಡವಿ ಗುರುತಿಸಲು ಸಣ್ಣ ಉಬ್ಬಿರುವ ಎಫ್ ಕೀಲಿಗೆ ಅಕ್ಷರಗಳನ್ನು ಬೆಸೆದು ಒತ್ತಕ್ಷರ ಮಾಡುವ ಹೊಣೆ ಕೊಟ್ಟಿದ್ದಾರೆ. ಇದೆಲ್ಲ ಸರಿ. ಆದರೆ ಅಲ್ಪಪ್ರಾಣಕ್ಕೆ ಶಿಫ್ಟ್ ಸೇರಿದರೆ ಮಹಾಪ್ರಾಣ. ‘ನ’ ‘ಣ’ವಾಗುವುದೂ ‘ಲ’ ‘ಳ’ವಾಗುವುದೂ ‘ಸ’ ‘ಶ’ವಾಗುವುದೂ ಅದರಿಂದಲೇ. ಎಡಗೈಯ ಅಕ್ಷರಕ್ಕೆ ಬಲಗೈಯ ಶಿಫ್ಟ್, ಬಲಗೈಯ ಅಕ್ಷರಕ್ಕೆ ಎಡಗೈಯ ಶಿಫ್ಟ್ ಎಂಬುದು ಶಾಸ್ತ್ರ. ನನ್ನ ಕಿರುಬೆರಳುಗಳು ಇದನ್ನು ಕೇಳಿಸಿಕೊಂಡು, ಒತ್ತಬಾರದಲ್ಲಿ ಒತ್ತಿ ಒತ್ತಬೇಕಾದಲ್ಲಿ ಸುಮ್ಮನಿರುತ್ತವೆ. ಹಾಲಿ ಅಧ್ಯಕ್ಷರು ಹಾಳಿ ಅಧ್ಯಕ್ಷರಾಗಿದ್ದಾರೆ. ಶಾಲು ಹೊದಿಸಿ ಸನ್ಮಾನಿಸುವ ಕಾರ್ಯಕ್ರಮಕ್ಕೆ ಸಾಲು ಸಿದ್ಧವಾಗಿದೆ. ನೌಕರರೊಬ್ಬರ ಮನೆ ಬಾಡಿಗೆ ಭತ್ಯೆಯನ್ನು ಮಣೆ ಬಾಡಿಗೆ ಭತ್ಯೆಯನ್ನಾಗಿ ನಾನೇ ಮಂಜೂರಾತಿಗೆ ಕಳುಹಿಸಿದ್ದೇನೆ.

ಇಷ್ಟನ್ನೂ ನಾನು ಏಕಾಂತದಲ್ಲಿ ಸಹಿಸಿಕೊಳ್ಳುತ್ತಿದ್ದೆ. ಆದರೆ ತಿಂಗಳ ಹಿಂದೆ ನನ್ನ ಸೋದರಮಾವ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಗೆಂದು ನಮ್ಮ ಮನೆಗೆ ಬಂದರು. ಮಾವ ನಿವೃತ್ತ ಬೆರಳಚ್ಚುಗಾರರು. ಕನ್ನಡ, ಇಂಗ್ಲಿಷ್ ಎರಡರಲ್ಲೂ ಸೀನಿಯರ್ ಪಾಸು ಮಾಡಿ ಮೂವತ್ತೈದು ವರ್ಷ ಸರ್ಕಾರದ ಯಂತ್ರಗಳನ್ನು ಬಡಿದವರು. ಹಳೆಯ ಕನ್ನಡಕ ಹೊಂದುವುದಿಲ್ಲ, ಹೊಸದನ್ನು ಕಣ್ಣು ಪೂರ್ತಿ ಮಾಗಿದ ಮೇಲೆ ಕೊಡುತ್ತೇವೆ, ಅಲ್ಲಿಯವರೆಗೆ ಕಣ್ಣಿಗೆ ಶ್ರಮ ಬೇಡ ಎಂದು ವೈದ್ಯರು ಹೇಳಿದ್ದನ್ನು ಮಾವ ಕಪ್ಪು ಕನ್ನಡಕ ಹಾಕಿಕೊಂಡು ಕಣ್ಣು ಮುಚ್ಚಿ ಕುಳಿತಿರಬೇಕೆಂಬ ಆಜ್ಞೆಯಾಗಿ ಸ್ವೀಕರಿಸಿದ್ದಾರೆ. ಪೇಪರಿಲ್ಲ, ಟೀವಿಯಿಲ್ಲ. ಉಳಿದದ್ದು ಕಿವಿ. ಸಂಜೆ ಏಳರಿಂದ ಎಂಟರವರೆಗೆ ಆ ಕಿವಿಗೆ ನನ್ನ ಅಭ್ಯಾಸವೊಂದೇ ಮನರಂಜನೆ.

ನನ್ನ ಲ್ಯಾಪ್‌ಟಾಪಿನ ಬ್ಯಾಕ್‌ಸ್ಪೇಸ್ ಕೀಲಿಯ ಮೇಲೆ ಎಂದೋ ಕಾಫಿ ಚೆಲ್ಲಿದ್ದರಿಂದ ಒತ್ತಿದಾಗಲೆಲ್ಲ ಅದು ಇಲಿಮರಿಯಂತೆ ‘ಕ್ವಿಕ್’ ಎನ್ನುತ್ತದೆ. ಎರಡನೆಯ ದಿನವೇ ಮಾವ ಅದನ್ನು ಪತ್ತೆ ಹಚ್ಚಿದರು. ಮೂರನೆಯ ದಿನ ಚೌಕಾಬಾರದ ಡಬ್ಬಿಯಿಂದ ಹುಣಸೆ ಬೀಜಗಳನ್ನು ತರಿಸಿಕೊಂಡರು. ನಾನೊಂದು ‘ಕ್ವಿಕ್’ ಮಾಡಿದರೆ ಅವರೊಂದು ಬೀಜವನ್ನು ಸ್ಟೀಲ್ ಬಟ್ಟಲಿಗೆ ಹಾಕುತ್ತಾರೆ. ಅದು ‘ಟಣ್’ ಎನ್ನುತ್ತದೆ. ಆ ‘ಟಣ್’ ಕೇಳಿ ನನ್ನ ಕೈ ನಡುಗಿ ಮತ್ತೊಂದು ತಪ್ಪಾಗುತ್ತದೆ. ಕ್ವಿಕ್, ಟಣ್. ಕ್ವಿಕ್ ಕ್ವಿಕ್, ಟಣ್ ಟಣ್. ಒಂದು ಇಡೀ ಪದವನ್ನೇ ಅಳಿಸುವ ಪ್ರಸಂಗ ಬಂದಾಗ ಅವರು ಹಿಡಿಯಷ್ಟು ಬೀಜಗಳನ್ನು ಒಟ್ಟಿಗೇ ಸುರಿಯುತ್ತಾರೆ. ದೂರದಿಂದ ಕೇಳಿದವರಿಗೆ ನಮ್ಮ ಮನೆಯಲ್ಲಿ ಯಾವುದೋ ವ್ರತ ನಡೆಯುತ್ತಿದೆ ಎನಿಸಬೇಕು. ಎದುರು ಮನೆಯವರು ವಿಚಾರಿಸಿಯೂ ಇದ್ದಾರೆ.

ಎಂಟು ಗಂಟೆಗೆ ಮಾವ ಬೀಜಗಳನ್ನು ಬೆರಳಲ್ಲೇ ತಡವಿ ಎಣಿಸಿ ತೀರ್ಪು ನೀಡುತ್ತಾರೆ. “ಇವತ್ತು ತೊಂಬತ್ತೇಳು. ನಿನ್ನೆ ನೂರಾಹದಿನಾಲ್ಕಿತ್ತು. ಪರವಾಗಿಲ್ಲ, ಟ್ರೌಬ್.”

ಟ್ರೌಬ್ ನಾನೇ. 1888ರ ಜುಲೈನಲ್ಲಿ ಅಮೆರಿಕದ ಸಿನ್ಸಿನಾಟಿ ನಗರದಲ್ಲಿ ಫ್ರಾಂಕ್ ಮೆಕ್‌ಗರಿನ್ ಮತ್ತು ಲೂಯಿಸ್ ಟ್ರೌಬ್ ಎಂಬಿಬ್ಬರ ನಡುವೆ ಟೈಪಿಂಗ್ ಸ್ಪರ್ಧೆ ನಡೆಯಿತು. ಮೆಕ್‌ಗರಿನ್ ಕೀಲಿಮಣೆಯನ್ನೆಲ್ಲ ಬಾಯಿಪಾಠ ಮಾಡಿಕೊಂಡು ನೋಡದೆ ಹೊಡೆಯುತ್ತಿದ್ದವನು. ಟ್ರೌಬ್ ಕೀಲಿಗಳನ್ನು ನೋಡಿಕೊಂಡು ಹೊಡೆಯುತ್ತಿದ್ದವನು. ಮೆಕ್‌ಗರಿನ್ ಸುಲಭವಾಗಿ ಗೆದ್ದ. ನೋಡದೆ ಟೈಪ್ ಮಾಡುವ ಪದ್ಧತಿಗೆ ಹೆಸರು ಬಂತು. ಮಾವ ಇದನ್ನು ಭೀಮ ಜರಾಸಂಧರ ಕಾಳಗದಂತೆ ವಾರಕ್ಕೆರಡು ಬಾರಿ ಹೇಳುತ್ತಾರೆ. ಟ್ರೌಬ್‌ನ ಕ್ಯಾಲಿಗ್ರಾಫ್ ಯಂತ್ರದಲ್ಲಿ ಚಿಕ್ಕಕ್ಷರಕ್ಕೂ ದೊಡ್ಡಕ್ಷರಕ್ಕೂ ಬೇರೆ ಬೇರೆ ಕೀಲಿಗಳಿದ್ದವು, ಶಿಫ್ಟ್ ಇರಲೇ ಇಲ್ಲ ಎಂಬುದನ್ನು ಅವರೇ ಒಮ್ಮೆ ಬಾಯಿತಪ್ಪಿ ಹೇಳಿದಾಗಿನಿಂದ ನನಗೆ ಟ್ರೌಬ್‌ನ ಮೇಲೆ ಸಹಾನುಭೂತಿಗಿಂತ ಹೆಚ್ಚಾಗಿ ಅಸೂಯೆಯಿದೆ. ಸೋತರೇನು, ಅವನ ಕಡತದಲ್ಲಿ ದನಗಳು ನುಗ್ಗಿರಲಾರವು.

ವೇಗಕ್ಕಾಗಿ ಮಾವ ಉಕ್ತಲೇಖನವನ್ನೂ ಕೊಡುತ್ತಾರೆ. ಓದಲಾಗದ್ದರಿಂದ ಅವರಿಗೆ ಕಂಠಪಾಠವಿರುವುದನ್ನೇ ಹೇಳಬೇಕು. ಕಂಠಪಾಠವಿರುವುದು ಸರ್ಕಾರಿ ಪತ್ರಗಳು. ಹೀಗಾಗಿ ‘ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಅವಗಾಹನೆಗೆ ತರಬಯಸುವುದೇನೆಂದರೆ’ ಎಂಬುದು ನಾನು ಈ ಜನ್ಮದಲ್ಲಿ ಅತ್ಯಂತ ವೇಗವಾಗಿ ಟೈಪ್ ಮಾಡಬಲ್ಲ ವಾಕ್ಯವಾಗಿದೆ. ಬೆರಳುಗಳು ಅದನ್ನು ನನ್ನನ್ನು ಕೇಳದೆಯೇ ಹೊಡೆದುಬಿಡುತ್ತವೆ. ಮೊನ್ನೆ ಕಚೇರಿಯಿಂದ ಹೆಂಡತಿಗೆ ವಾಟ್ಸ್‌ಆ್ಯಪಿನಲ್ಲಿ ತರಕಾರಿಯ ಬಗ್ಗೆ ಕೇಳಲು ಹೋಗಿ ಹೀಗೆಯೇ ಆರಂಭಿಸಿದೆ. ಅಳಿಸುವ ಮೊದಲೇ ಎಂಟರ್ ಬಿದ್ದಿತ್ತು. ‘ಅವಗಾಹಿಸಿದೆ. ಕೊತ್ತಂಬರಿ ಸೊಪ್ಪನ್ನೂ ತರತಕ್ಕದ್ದು’ ಎಂದು ಉತ್ತರ ಬಂತು.

ಕಡತ ಹಿಂದಿರುಗಿದ ಬುಧವಾರ ರಾತ್ರಿ ನಾನು ತಡೆಯಲಾರದೆ ಮಾವನ ಮೇಲೆ ರೇಗಿದೆ. ನಿಮ್ಮ ಕಾಲದಲ್ಲಿ ನೀವೇನು ತಪ್ಪೇ ಮಾಡುತ್ತಿರಲಿಲ್ಲವೇ ಎಂದೆ. ಅವರು ಬೀಜವನ್ನು ಬಟ್ಟಲಿಗೆ ಹಾಕದೆ ಕೈಯಲ್ಲೇ ಹಿಡಿದುಕೊಂಡರು.

“ಮಾಡಿದರೆ ಅಳಿಸುವುದು ಎಲ್ಲಿ ಬಂತು? ಮೇಲೊಂದು ಹಾಳೆ, ಕೆಳಗೆ ಮೂರು ಕಾರ್ಬನ್ ಪ್ರತಿ. ಒಂದಕ್ಷರ ತಪ್ಪಿದರೆ ನಾಲ್ಕು ಕಡೆ ಉಜ್ಜಬೇಕು. ಅದಕ್ಕೇ ತಪ್ಪುತ್ತಿರಲಿಲ್ಲ,” ಎಂದರು.

ಆಮೇಲೆ ಕೇಳದಿದ್ದರೂ ಹೇಳುತ್ತಾ ಹೋದರು. ಹಾಸನದಲ್ಲಿ ಬಟ್ಟೆ ಅಂಗಡಿಯ ಮೇಲಿನ ಮಹಡಿಯಲ್ಲಿದ್ದ ಟೈಪಿಂಗ್ ಶಾಲೆ. ಸಾಲಾಗಿ ಹನ್ನೆರಡು ಯಂತ್ರಗಳು. ಕಲಿಯುವವರು ಕೀಲಿ ನೋಡದ ಹಾಗೆ ಕೈಗಳ ಮೇಲೆ ಟವೆಲು ಹೊದಿಸುತ್ತಿದ್ದ ಮಾಸ್ತರರು. ಎಸ್ಸೆಸ್ಸೆಲ್ಸಿ ಮುಗಿಸಿ ಕೆಲಸ ಸಿಕ್ಕೀತೆಂದು ಬೆಳಗಿನ ಆರು ಗಂಟೆಯ ತಂಡಕ್ಕೆ ಬರುತ್ತಿದ್ದ ಹುಡುಗ ಹುಡುಗಿಯರು. ಸಾಲು ಮುಗಿಯುವ ಮುನ್ನ ಯಂತ್ರ ‘ಟಿಣ್’ ಎಂದು ಗಂಟೆ ಬಾರಿಸುತ್ತಿತ್ತಂತೆ. “ನಿನ್ನ ಯಂತ್ರದಲ್ಲಿ ಗಂಟೆಯೇ ಇಲ್ಲವಲ್ಲ, ಸಾಲು ಮುಗಿಯಿತೆಂದು ಹೇಗೆ ಗೊತ್ತಾಗುತ್ತದೆ?” ಎಂದು ಕೇಳಿದರು. ಅದು ತಾನಾಗಿಯೇ ಕೆಳಗಿನ ಸಾಲಿಗೆ ಹೋಗುತ್ತದೆ ಎಂದೆ. ಅವರಿಗೆ ಅದು ಅಷ್ಟು ಒಪ್ಪಿಗೆಯಾದಂತೆ ಕಾಣಲಿಲ್ಲ.

“1984ರಲ್ಲಿ ನನ್ನನ್ನು ಬೀದರಿಗೆ ವರ್ಗ ಮಾಡಿದರು. ನಿನ್ನ ಅತ್ತೆ ಆಗ ಏಳು ತಿಂಗಳ ಬಸುರಿ. ಸಾಹೇಬರು ಕರಡು ತಂದು ನನ್ನ ಮೇಜಿನ ಮೇಲೇ ಇಟ್ಟರು. ಬೇರೆ ಟೈಪಿಸ್ಟ್ ರಜದಲ್ಲಿದ್ದ. ನಾನೇ ಹೊಡೆದೆ. ಮೂರು ಪ್ರತಿ. ಒಂದು ತಪ್ಪಿಲ್ಲ.”

ಸ್ವಲ್ಪ ಹೊತ್ತು ಸುಮ್ಮನಿದ್ದು, ಕನ್ನಡ ಹಾಕಿಕೊಡು ನೋಡೋಣ ಎಂದರು. ಲ್ಯಾಪ್‌ಟಾಪನ್ನು ಅವರ ತೊಡೆಯ ಮೇಲಿಟ್ಟೆ. ಅವರು ಕಪ್ಪು ಕನ್ನಡಕವನ್ನು ತೆಗೆಯಲಿಲ್ಲ. ಎಫ್ ಮತ್ತು ಜೆ ಕೀಲಿಗಳ ಉಬ್ಬನ್ನು ತಡವಿ, “ಇದೊಂದು ಒಳ್ಳೆಯದು ಮಾಡಿದ್ದಾರೆ,” ಎಂದು ಬೆರಳುಗಳನ್ನು ಸಾಲಾಗಿ ಕೂರಿಸಿ ಶುರು ಮಾಡಿದರು. ನಾನು ಮಳೆ ನೋಡಿದ್ದೇನೆ, ಹಂಚಿನ ಮಾಡಿನ ಮೇಲೆ ಆಲಿಕಲ್ಲು ಬೀಳುವುದನ್ನೂ ಕೇಳಿದ್ದೇನೆ. ಆದರೆ ಎಪ್ಪತ್ತಾರು ವರ್ಷದ ಮುದುಕರ ಕೈಯಿಂದ ಅಂಥ ಸದ್ದು ಬರುತ್ತದೆಂದು ತಿಳಿದಿರಲಿಲ್ಲ. ಪ್ರತಿ ಸಾಲಿನ ಕೊನೆಯಲ್ಲೂ ಎಡಗೈ ತಾನಾಗಿ ಮೇಲೆದ್ದು, ಇಲ್ಲದ ಸನ್ನೆಕೋಲೊಂದನ್ನು ಬಲಕ್ಕೆ ತಳ್ಳಿ ಮರಳುತ್ತಿತ್ತು. ಬೀಜದ ಬಟ್ಟಲು ನನ್ನ ಕೈಯಲ್ಲಿತ್ತು. ಒಂದು ಪುಟ ತುಂಬಿತು, ಒಂದು ‘ಕ್ವಿಕ್’ ಕೇಳಲಿಲ್ಲ.

ನಾನು ಬಗ್ಗಿ ಪರದೆಯನ್ನು ನೋಡಿದೆ. ಹಳೆಯ ಕನ್ನಡ ಟೈಪ್‌ರೈಟರಿನ ಅಕ್ಷರಗಳ ಜಾಗವೇ ಬೇರೆ, ರಾಯರ ವಿನ್ಯಾಸದ ಜಾಗವೇ ಬೇರೆ. ‘ಜಡಟ್ಳಖು ಪೃಷಂಗ್ಹ’ ಎಂಬಂಥ ಸಾಲುಗಳು, ಲೋಕದ ಯಾವ ಭಾಷೆಗೂ ಸೇರದವು, ಮೇಲಿನಿಂದ ಕೆಳಗಿನವರೆಗೆ ಶಿಸ್ತಾಗಿ ನಿಂತಿದ್ದವು.

“ವರ್ಗಾವಣೆ ಆದೇಶವೇ. ಪೂರ್ತಿ ನೆನಪಿದೆ,” ಎಂದರು ಮಾವ. “ಎಷ್ಟು ತಪ್ಪಿದೆ?”

ಒಂದೂ ಇಲ್ಲ ಎಂದೆ.

“ಹಾಗಾದರೆ ಹಾಗೇ ಇಟ್ಟಿರು. ಕನ್ನಡಕ ಬಂದ ಮೇಲೆ ಓದುತ್ತೇನೆ,” ಎಂದು ಬಟ್ಟಲನ್ನು ನನ್ನ ಕೈಯಿಂದ ತೆಗೆದುಕೊಂಡು, “ನೀನು ಕೂತುಕೋ ಟ್ರೌಬ್, ಇನ್ನೂ ಎಂಟಾಗಿಲ್ಲ,” ಎಂದರು.

ಹೊಸ ಕನ್ನಡಕ ಬರುವುದು ಬರುವ ಸೋಮವಾರ. ಅಷ್ಟರೊಳಗೆ ಆ ಪುಟವನ್ನು ಅಳಿಸಿ, ಅದೇ ಆದೇಶವನ್ನು ಅವರ ಬಾಯಿಂದ ಇನ್ನೊಮ್ಮೆ ಉಪಾಯವಾಗಿ ಹೇಳಿಸಿಕೊಂಡು, ಒಂದು ತಪ್ಪೂ ಇಲ್ಲದಂತೆ ನಾನೇ ಟೈಪ್ ಮಾಡಿ ಇಟ್ಟುಬಿಡಬೇಕೆಂದಿದ್ದೇನೆ. ಆದರೆ ಅಳಿಸಲು ಬ್ಯಾಕ್‌ಸ್ಪೇಸ್ ಒತ್ತಬೇಕು, ಮತ್ತು ಮಾವ ಪಕ್ಕದ ಕೋಣೆಯಲ್ಲಿ ಎಚ್ಚರವಾಗಿದ್ದಾರೆ.