ನಾಯಿಯನ್ನು ಬಿಟ್ಟು ಮಿಕ್ಕಿದ್ದೆಲ್ಲ

ನಮ್ಮ ಹೈಸ್ಕೂಲಿನ ಪ್ರವಾಸದ ಮಾತು ಮೊನ್ನೆ ಸ್ಟಾಫ್ ರೂಮಿನಲ್ಲಿ ಬಂತು. ಪಟ್ಟಿ ಎಂದಿನದೇ. ಬೆಳಗಿನ ಜಾವ ನಾಲ್ಕಕ್ಕೆ ಮಾಲೂರು ಬಿಡುವುದು, ಶ್ರೀರಂಗಪಟ್ಟಣ, ಚಾಮುಂಡಿ ಬೆಟ್ಟ, ಝೂ, ಅರಮನೆ, ಜಗನ್ಮೋಹನ ಅರಮನೆ, ಕತ್ತಲಾಗುವ ಹೊತ್ತಿಗೆ ಬೃಂದಾವನ ಗಾರ್ಡನ್, ಸರಿರಾತ್ರಿಗೆ ವಾಪಸ್. ಈ ಸಲ ಇದರಲ್ಲಿ ನಾಲ್ಕು ಜಾಗ ಬಿಟ್ಟುಬಿಡೋಣ ಎಂದೆ. "ದುಡ್ಡು ಕೊಟ್ಟ ತಂದೆತಾಯಿ ಏನಂತಾರೆ ಮೇಡಂ?" ಎಂದು ಜೊತೆಯ ಮೇಷ್ಟರೊಬ್ಬರು ಕೇಳಿದರು. ನ್ಯಾಯವಾದ ಪ್ರಶ್ನೆಯೇ. ಅಷ್ಟರಲ್ಲಿ ಬೆಲ್ ಆಯಿತು, ನನ್ನ ಉತ್ತರ ಅರ್ಧಕ್ಕೆ ನಿಂತಿತು. ಮಿಕ್ಕ ಅರ್ಧವನ್ನು ಇಲ್ಲಿ ಬರೆಯುತ್ತಿದ್ದೇನೆ. ಉದ್ದವಾಗುತ್ತದೆ, ದಯವಿಟ್ಟು ಓದಿ.

ಕೆಲವು ವರ್ಷಗಳ ಹಿಂದೆ ಇದೇ ಪಟ್ಟಿ ಹಿಡಿದು ಹೋದಾಗ ಜಗನ್ಮೋಹನ ಅರಮನೆಯ ಚಿತ್ರಶಾಲೆಗೆ ನಮಗೆ ಸಿಕ್ಕಿದ್ದು ಇಪ್ಪತ್ತು ನಿಮಿಷ. ತಪ್ಪು ಅಲ್ಲಿಯವರದಲ್ಲ, ನಮ್ಮ ಟೈಮ್ ಟೇಬಲ್ಲಿನದು. ಮಕ್ಕಳನ್ನು ಸಾಲಾಗಿ ನಡೆಸಿಕೊಂಡು ಹೋಗುತ್ತಿದ್ದೆವು. ಎಲ್ಲರಿಗೂ ಗೊತ್ತಿರುವ ಆ ಚಿತ್ರದ ಮುಂದೆ, ದೀಪ ಹಿಡಿದ ಹೆಣ್ಣುಮಗಳ ಮುಂದೆ, ಎಂಟನೇ ಕ್ಲಾಸಿನ ಹುಡುಗಿಯೊಬ್ಬಳು ನಿಂತುಬಿಟ್ಟಳು. ಅದನ್ನು ರವಿವರ್ಮನ ಚಿತ್ರ ಎಂದೇ ಬಹಳ ಜನ ತಿಳಿದಿದ್ದಾರೆ. ಬರೆದವರು ಎಸ್.ಎಲ್. ಹಲ್ದಂಕರ್, ದೀಪ ಹಿಡಿದು ನಿಂತದ್ದು ಅವರ ಮಗಳೇ. ಒಂದು ಕೈಯಲ್ಲಿ ದೀಪ, ಇನ್ನೊಂದು ಕೈ ಆ ದೀಪಕ್ಕೆ ಮರೆ, ಬೆರಳ ಸಂದಿನಲ್ಲಿ ಕೆಂಪಾಗಿ ಹಾಯುವ ಬೆಳಕು. ಹುಡುಗಿ ನನ್ನ ಸೆರಗು ಹಿಡಿದು ಕೇಳಿದಳು: "ಮಿಸ್, ಇದರ ಹಿಂದೆ ಬಲ್ಬ್ ಇಟ್ಟವ್ರಾ?"

ಇಷ್ಟು ಒಳ್ಳೆಯ ಪ್ರಶ್ನೆಯನ್ನು ಆ ಇಡೀ ದಿನದಲ್ಲಿ ಬೇರೆ ಯಾವ ಮಗುವೂ ಕೇಳಲಿಲ್ಲ. "ಇಲ್ಲಮ್ಮಾ, ಬರೆದಿರೋದೇ ಹಾಗೆ, ಬಾ" ಎಂದು ಕೈಹಿಡಿದು ಮುಂದಕ್ಕೆ ಕರೆದುಕೊಂಡು ಹೋದೆ. ಹಿಂದೆ ಇನ್ನೂ ಮೂವತ್ತು ಮಕ್ಕಳು, ಹೊರಗೆ ಬಸ್ಸು. ಬರೆದಿರೋದೇ ಹಾಗೆ ಎಂದರೆ ಏನು? ಅದು ಜಲವರ್ಣ. ಜಲವರ್ಣದಲ್ಲಿ ಬೆಳಕನ್ನು ಹಚ್ಚುವುದಿಲ್ಲ, ಉಳಿಸಿಕೊಳ್ಳುತ್ತೇವೆ. ಸುತ್ತ ಕತ್ತಲು ಬಳಿದಂತೆಲ್ಲ ಮುಟ್ಟದೆ ಬಿಟ್ಟ ಕಾಗದ ಹೊಳೆಯುತ್ತದೆ. ಇದನ್ನು ಬಾಯಲ್ಲಿ ಹೇಳಿದರೆ ಹದಿಮೂರು ವರ್ಷದ ಮಗು ತಲೆಯಾಡಿಸುತ್ತದೆ, ಅಷ್ಟೇ. ಅದಕ್ಕೆ ತಿಳಿಯಬೇಕಾದರೆ ಒಂದು ಹಾಳೆ, ಒಂದು ಬ್ರಷ್, ಒಂದು ಲೋಟ ನೀರು ಬೇಕು. ಜೊತೆಗೆ ಮುಕ್ಕಾಲು ಗಂಟೆ ಬೇಕು.

ಊರಿಗೆ ಬಂದ ಮೇಲೆ ಆ ಮುಕ್ಕಾಲು ಗಂಟೆಯನ್ನು ಕ್ಲಾಸಿನಲ್ಲಿ ಕೊಟ್ಟೆ. ಕಿಟಕಿ ಮುಚ್ಚಿ ಮೇಜಿನ ಮೇಲೆ ಹಣತೆ ಹಚ್ಚಿಟ್ಟು, ಬರೆಯಿರಿ ಎಂದೆ. ಬಣ್ಣದ ಡಬ್ಬಿಗಳಿಂದ ಬಿಳಿಯನ್ನು ಮೊದಲೇ ತೆಗೆದಿಟ್ಟಿದ್ದೆ. ಐದು ನಿಮಿಷಕ್ಕೆ ಶುರುವಾಯಿತು: "ಮಿಸ್, ಬಿಳಿ ಕೊಡಿ." "ಮಿಸ್, ಬಿಳಿ ಇಲ್ದೆ ಬೆಂಕಿ ಹೆಂಗೆ ಬರಿಯೋದು?" ಕೊಡಲಿಲ್ಲ. ಅರ್ಧಕ್ಕಿಂತ ಹೆಚ್ಚು ಹಾಳೆಗಳು ಕೆಸರಾದವು. ಬಲ್ಬಿನ ಪ್ರಶ್ನೆ ಕೇಳಿದ್ದ ಹುಡುಗಿ ಮೂರನೇ ಹಾಳೆಯಲ್ಲಿ ದೀಪದ ಕುಡಿಯ ಜಾಗವನ್ನು ಸುಮ್ಮನೆ ಬಿಟ್ಟಳು. ಸುತ್ತ ಮೊದಲು ಹಳದಿ, ಆಮೇಲೆ ಕಂದು, ಆಮೇಲೆ ಕಪ್ಪು. ಬರೆದು ಮುಗಿಸಿ, ತಾನೇ ಬರೆದದ್ದನ್ನು ದೂರ ಹಿಡಿದು ನೋಡುತ್ತ ಕೂತಳು. ಅವಳನ್ನು ಆ ಕ್ಷಣವೇ ಮೈಸೂರಿಗೆ ಎತ್ತಿಕೊಂಡು ಹೋಗಿ ಆ ಚಿತ್ರದ ಮುಂದೆ ನಿಲ್ಲಿಸಬೇಕು ಅನ್ನಿಸಿತು. ನಾವು ಹೋಗಿಬಂದು ಆಗಲೇ ಮೂರು ವಾರವಾಗಿತ್ತು.

ಮಕ್ಕಳನ್ನು ಗ್ಯಾಲರಿಗೆ ಕರೆದೊಯ್ಯುವಾಗ ಕೈಕೆಲಸ ಮೊದಲು ಆಗಬೇಕು, ನೋಡುವುದು ಆಮೇಲೆ ಎಂಬ ನನ್ನ ಹಟ ಹುಟ್ಟಿದ್ದು ಅಲ್ಲಿಂದ. ಸಾಮಾನ್ಯವಾಗಿ ನಡೆಯುವುದು ತಿರುಗಾಮುರುಗಾ. ಮೊದಲು ಗೈಡೊಬ್ಬರು ಎಲ್ಲ ಕೋಣೆಗಳನ್ನೂ ಸುತ್ತಿಸುತ್ತಾರೆ, ಮಕ್ಕಳು ದಣಿಯುತ್ತಾರೆ, ಕೊನೆಗೆ "ಆಕ್ಟಿವಿಟಿ" ಎಂದು ಅರ್ಧ ಗಂಟೆ. ಅಂಥ ಒಂದು ಕಾರ್ಯಕ್ರಮಕ್ಕೆ ನಮ್ಮ ಮಕ್ಕಳನ್ನು ಕರೆದುಕೊಂಡು ಹೋಗಿದ್ದೆ, ಯಾವ ಊರಿನದು ಎಂದು ಹೇಳುವುದಿಲ್ಲ. ಪ್ರತಿ ಮಗುವಿನ ಮುಂದೆ ಪ್ರಿಂಟ್ ಆದ ನವಿಲು, ಒಂದು ಪೊಟ್ಟಣ ಮಿನುಗು ಚೂರು, ಒಂದು ಗೋಂದಿನ ಟ್ಯೂಬು. ಗರಿಯೊಳಗೆ ಚೂರು ಅಂಟಿಸುವುದೇ ಕೆಲಸ. ನಲವತ್ತು ಮಕ್ಕಳ ಕೈಯಲ್ಲಿ ನಲವತ್ತು ಒಂದೇ ಥರದ ನವಿಲು, ಗ್ರೂಪ್ ಫೋಟೊ, ಚಪ್ಪಾಳೆ. ಗೋಡೆಯ ಮೇಲಿದ್ದ ಯಾವ ಚಿತ್ರಕ್ಕೂ ಆ ನವಿಲಿಗೂ ಸಂಬಂಧವಿರಲಿಲ್ಲ. ವಾಪಸ್ ಬರುವಾಗ ಬಸ್ಸಿನ ಸೀಟಿನ ಕೆಳಗೆ ಹನ್ನೊಂದು ನವಿಲು ಬಿದ್ದಿದ್ದವು, ನಾನೇ ಆರಿಸಿದೆ. ಕೊಟ್ಟವರ ಮನಸ್ಸು ಒಳ್ಳೆಯದೇ, ಖರ್ಚೂ ಆಗಿತ್ತು. ಆದರೆ ಮಗು ಅಲ್ಲಿ ಏನನ್ನೂ ನಿರ್ಧರಿಸಲಿಲ್ಲ, ಎಲ್ಲಿಯೂ ತಪ್ಪಲಿಲ್ಲ. ತಪ್ಪುವುದಕ್ಕೆ ಜಾಗವೇ ಇಲ್ಲದ ಕೆಲಸದಿಂದ ಕೈಗೆ ಏನು ತಿಳಿಯುತ್ತದೆ?

ಈಗ ಸೋಪಿನ ಕಥೆ ಹೇಳುತ್ತೇನೆ. ಕೋವಿಡ್‌ಗೆ ಮೊದಲಿನ ಮಾತು. ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಆತಕೂರಿನ ಕಲ್ಲಿದೆ. ಮದ್ದೂರು ತಾಲ್ಲೂಕಿನ ಆತಕೂರಿನಿಂದ ಬಂದದ್ದು, ಹತ್ತನೇ ಶತಮಾನದ್ದು. ಕ್ರಿ.ಶ. 949ರ ತಕ್ಕೋಲದ ಯುದ್ಧದಲ್ಲಿ ರಾಷ್ಟ್ರಕೂಟರ ಕಡೆ ನಿಂತು ಕಾದಿದ ಗಂಗರ ಬೂತುಗನ ಬಂಟ ಮಣಲೇರ. ಮೆಚ್ಚಿದ ಅರಸ ಏನು ಬೇಕು ಎಂದಾಗ ಅವನು ಕೇಳಿದ್ದು ಊರಲ್ಲ, ಹೊನ್ನಲ್ಲ, ಕಾಳಿ ಎಂಬ ಬೇಟೆನಾಯಿ. ಆ ಕಾಳಿ ಕಾಡುಹಂದಿಯ ಮೇಲೆ ಬಿದ್ದು ಕಾದಾಡಿ, ಹಂದಿಯೂ ತಾನೂ ಒಟ್ಟಿಗೆ ಸತ್ತವು. ನಾಯಿಯ ನೆನಪಿಗೆ ಕಲ್ಲು ನಿಲ್ಲಿಸಿದರು. ನಾಯಿ ಹಂದಿಯ ಕಾಳಗ ಅದರ ಮೇಲೆ ಉಬ್ಬುಕೆತ್ತನೆಯಲ್ಲಿದೆ. ಈ ಕಥೆ ಹೇಳಿದರೆ ಯಾವ ಮಗು ಕಿವಿ ನಿಮಿರಿಸುವುದಿಲ್ಲ ಹೇಳಿ!

ಹೋಗುವ ಹಿಂದಿನ ದಿನ 46 ಮೈಸೋಪು ತಂದೆ, ಇರುವುದರಲ್ಲೇ ಅಗ್ಗದವು. ಚಮಚವನ್ನು ಮನೆಯಿಂದ ತನ್ನಿ ಎಂದಿದ್ದೆ, ಜಾಮಿಟ್ರಿ ಬಾಕ್ಸಿನ ಡಿವೈಡರ್ ಹೇಗೂ ಇತ್ತು. ಕಥೆ ಹೇಳಿ, ನಾಯಿ ಹಂದಿ ಕೆತ್ತಿ ಎಂದೆ. ಹೆಚ್ಚುಕಮ್ಮಿ ಎಲ್ಲರೂ ಮಾಡಿದ್ದು ಒಂದೇ: ನಾಯಿಯ ಆಕಾರ ಗೀಚಿ, ಆ ಗೀಟಿನ ಒಳಗೇ ಕೆರೆದರು. ನಾಯಿ ಗುಂಡಿಯಾಯಿತು. ಉಬ್ಬಬೇಕಿದ್ದ ಹೊಟ್ಟೆ ತಗ್ಗಾಯಿತು. "ಮಿಸ್, ನಾಯಿ ಒಳಕ್ಕೆ ಹೋಯ್ತು!"

ನಮ್ಮ ತಾಲ್ಲೂಕಿನಲ್ಲೇ ಶಿವಾರಪಟ್ಟಣ ಇದೆ, ದೇವರ ವಿಗ್ರಹ ಕೆತ್ತುವವರ ಊರು. ಅಲ್ಲಿನ ಒಬ್ಬ ಶಿಲ್ಪಿಯ ಮಗ ಆ ಕ್ಲಾಸಿನಲ್ಲಿದ್ದ. ಲೆಕ್ಕದಲ್ಲಿ ಚುರುಕಾದ, ಮಾತು ಕಡಿಮೆಯ ಹುಡುಗ. ಅವನು ಸೋಪಿನ ಅಂಚಿನಿಂದ ತೆಗೆಯುತ್ತ ಬಂದಿದ್ದ. ಪಕ್ಕದವನು ಇದೇನೋ ಹಿಂಗೆ ಅಂದಿದ್ದಕ್ಕೆ ಅವನು ಕೊಟ್ಟ ಉತ್ತರ ನನಗೆ ಇವತ್ತಿಗೂ ಹಾಗೇ ನೆನಪಿದೆ: "ನಾಯಿನ ಕೆತ್ತೋದಲ್ಲ ಕಣೋ. ನಾಯಿ ಬಿಟ್ಟು ಮಿಕ್ಕಿದ್ದನ್ನೆಲ್ಲ ಕೆತ್ತೋದು."

ಒಂದೇ ನಿಮಿಷದಲ್ಲಿ ಆ ಮಾತು ಇಡೀ ಕ್ಲಾಸನ್ನು ಸುತ್ತಿತು. ಎಲ್ಲರೂ ಸೋಪು ತಿರುಗಿಸಿ ಹಿಂಭಾಗದಲ್ಲಿ ಹೊಸದಾಗಿ ಶುರುಮಾಡಿದರು. ಒಬ್ಬಳ ನಾಯಿಗೆ ಕಾಲು ಮುರಿಯಿತು, ಅತ್ತೇಬಿಟ್ಟಳು. ಕಾಲಿನ ಹಿಂದುಗಡೆಯಿಂದಲೂ ಸೋಪು ತೆಗೆದುಬಿಟ್ಟಿದ್ದಳು, ಆಧಾರವೇ ಇರಲಿಲ್ಲ.

ಮರುದಿನ ವಸ್ತುಸಂಗ್ರಹಾಲಯದಲ್ಲಿ ಆ ಮಕ್ಕಳು ಕಲ್ಲಿನ ಮುಂದೆ ಮಾಡಿದ್ದನ್ನು ನೀವು ನೋಡಬೇಕಿತ್ತು. ಯಾರೂ ಮುಟ್ಟಬೇಡಿ ಎನ್ನಬೇಕಾಗಿ ಬರಲಿಲ್ಲ, ಎಲ್ಲರ ಕೈಯೂ ಬೆನ್ನ ಹಿಂದೆ. ಆದರೆ ತಲೆ ಬಗ್ಗಿಸಿ, ಪಕ್ಕಕ್ಕೆ ಸರಿದು, ಮಂಡಿಯೂರಿ, ಬೆಳಕು ಬೀಳುವ ಕಡೆಯಿಂದ ಒಂದು ಸಲ, ಎದುರು ಕಡೆಯಿಂದ ಒಂದು ಸಲ ನೋಡುತ್ತಲೇ ಇದ್ದರು. ಕಾಲು ಮುರಿದುಕೊಂಡವಳು ನಾಯಿಯ ಕಾಲನ್ನಷ್ಟೇ ನೋಡುತ್ತಿದ್ದಳು. "ಕಾಲು ಹಿಂದಿನ ಕಲ್ಲಿಗೆ ಅಂಟ್ಕೊಂಡೇ ಐತೆ ಮಿಸ್, ಪೂರ್ತಿ ಬಿಡಿಸಿಲ್ಲ. ಅದಕ್ಕೇ ಮುರಿದಿಲ್ಲ." ಸಾವಿರ ವರ್ಷದ ಹಿಂದೆ ಉಳಿ ಹಿಡಿದವನ ಲೆಕ್ಕಾಚಾರ ಆ ಮಗುವಿಗೆ ಅರ್ಥವಾಗಿತ್ತು, ಯಾಕೆಂದರೆ ಹಿಂದಿನ ದಿನ ಅದೇ ಲೆಕ್ಕದಲ್ಲಿ ಅವಳು ಸೋತಿದ್ದಳು. ಇಪ್ಪತ್ತೈದು ನಿಮಿಷ ಒಂದೇ ಕಲ್ಲು. ಹೊರಡಿ ಎಂದು ನಾನೇ ಹೇಳಬೇಕಾಯಿತು.

ಅದೇ ರಸ್ತೆಯಲ್ಲಿ ವಿಶ್ವೇಶ್ವರಯ್ಯ ಮ್ಯೂಸಿಯಂ ಇದೆ. ಬೆಂಗಳೂರಿಗೆ ಬರುವ ಶಾಲಾ ಬಸ್ಸುಗಳು ಅದನ್ನು ತಪ್ಪಿಸುವುದಿಲ್ಲ. ಯಾಕೆ? ಅಲ್ಲಿ ಹಿಡಿಕೆ ತಿರುಗಿಸಬಹುದು, ಗುಂಡಿ ಒತ್ತಬಹುದು. ಸನ್ನೆಕೋಲು ಎಂದರೇನು ಎಂದು ಮಗು ತೋಳಿನಿಂದ ಕಲಿಯುತ್ತದೆ. ವಿಜ್ಞಾನದವರು ಇದನ್ನು ಅರವತ್ತರ ದಶಕದಲ್ಲೇ ಮಾಡಿ ತೋರಿಸಿದರು. ಅಲ್ಲಿಂದ ನಾಲ್ಕು ಹೆಜ್ಜೆ ನಡೆದರೆ ಸರ್ಕಾರಿ ವಸ್ತುಸಂಗ್ರಹಾಲಯ, ವೆಂಕಟಪ್ಪ ಆರ್ಟ್ ಗ್ಯಾಲರಿ, 2023ರಲ್ಲಿ ಬಾಗಿಲು ತೆರೆದ ಕಲೆ ಮತ್ತು ಛಾಯಾಚಿತ್ರಗಳ ಮ್ಯೂಸಿಯಂ ಮ್ಯಾಪ್ ಎಲ್ಲವೂ ಇವೆ. ಒಂದೇ ರಸ್ತೆಯಲ್ಲಿ ಇಷ್ಟು ಕಲೆ ಸಿಗುವ ಜಾಗ ನಮ್ಮ ರಾಜ್ಯದಲ್ಲಿ ಇನ್ನೊಂದು ಇದೆಯೇ? ಆದರೂ ಹಳ್ಳಿ ಶಾಲೆಯ ಮೇಷ್ಟರನ್ನು ಕೇಳಿದರೆ "ಆರ್ಟ್ ಗ್ಯಾಲರಿಲಿ ಮಕ್ಕಳಿಗೆ ಏನಿದೆ ಮೇಡಂ, ಸುಮ್ನೆ ನೋಡ್ಕೊಂಡ್ ಬರೋದು" ಎನ್ನುತ್ತಾರೆ. ಅವರನ್ನು ದೂರಲಾರೆ. ಕೈಗೆ ಕೆಲಸವಿಲ್ಲದ ಕಡೆ ಮಕ್ಕಳು ನೋಡುವುದೂ ಇಲ್ಲ.

ಕೃತಿಗಳನ್ನೇ ಮುಟ್ಟಲು ಬಿಡಿ ಎಂದು ನಾನು ಕೇಳುತ್ತಿಲ್ಲ. ಬೆವರು, ಎಣ್ಣೆ ತಾಗಿದರೆ ಕಾಗದ ಕಲೆಯಾಗುತ್ತದೆ, ಬಣ್ಣ ಕೆಡುತ್ತದೆ, ಕಾವಲಿನವರು ಬೇಡ ಎನ್ನುವುದು ಸರಿ. ಅದಕ್ಕೇ ಮುಟ್ಟಲು ಬೇರೆ ಏನಾದರೂ ಕೊಡಬೇಕು, ಮುಂದೆ ನೋಡಲಿರುವ ಒಂದೇ ಒಂದು ಕೃತಿಗೆ ಅದು ಅಂಟಿಕೊಂಡಿರಬೇಕು. ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲಿ, ಅದನ್ನು ಕಟ್ಟಿದ ಎಂ.ಎಸ್. ನಂಜುಂಡರಾವ್ ಅವರು ಊರೂರು ಸುತ್ತಿ ಕೂಡಿಸಿದ ತೊಗಲುಗೊಂಬೆಗಳಿವೆ. ಗಾಜಿನ ಹಿಂದೆ ಇಟ್ಟ ಗೊಂಬೆ ಮಗುವಿಗೆ ಬರೀ ಬಣ್ಣದ ಚರ್ಮ. ಆದರೆ ಡ್ರಾಯಿಂಗ್ ಶೀಟಿಗೆ ಕೊಬ್ಬರಿ ಎಣ್ಣೆ ಸವರಿ, ಮೊಳೆ ಸುತ್ತಿಗೆಯಲ್ಲಿ ತೂತು ಹೊಡೆದು, ಕತ್ತಲೆಯಲ್ಲಿ ಟಾರ್ಚಿಗೆ ಹಿಡಿದು ನೋಡಿದ ಮಗು ಅದೇ ಗೊಂಬೆಯಲ್ಲಿ ತೂತುಗಳನ್ನು ಹುಡುಕುತ್ತದೆ: ಸರದಲ್ಲಿ ಎಷ್ಟು, ಕಿರೀಟದಲ್ಲಿ ಎಷ್ಟು, ಯಾವುದು ಸಣ್ಣದು. ರಾಜನ ಗೊಂಬೆ ಯಾಕೆ ದೊಡ್ಡದು, ಆಳಿನ ಗೊಂಬೆ ಯಾಕೆ ಚಿಕ್ಕದು ಎಂಬ ಪ್ರಶ್ನೆಯೂ ಬರುತ್ತದೆ. ಅದು ಬಂದರೆ ಸಮಾಜ ವಿಜ್ಞಾನದ ಮೇಷ್ಟರಿಗೂ ಒಂದು ಪೀರಿಯಡ್ಡಿನ ಕೆಲಸ ಸಿಕ್ಕಂತೆ.

ಕಲಿಸುವವರು ಯಾರು ಎಂಬುದೂ ಮುಖ್ಯ. ಕೊಪ್ಪಳ ಜಿಲ್ಲೆಯ ಮೊರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ ತೊಗಲುಗೊಂಬೆಗಾಗಿ 2025ರಲ್ಲಿ ಪದ್ಮಶ್ರೀ ಬಂತು. ನಾವೆಲ್ಲ ಫೋಟೊ ಹಂಚಿಕೊಂಡೆವು, ಸಂತೋಷ. ಅಂಥ ಮನೆತನಗಳ ಈಗಿನ ಮಕ್ಕಳು ಮೊಮ್ಮಕ್ಕಳನ್ನು ಗ್ಯಾಲರಿಗಳು ಶಾಲಾ ದಿನಗಳಿಗೆ ಕರೆಸಿ, ಡಿಗ್ರಿ ಇರುವ ಕಲಾವಿದರಿಗೆ ಕೊಡುವಷ್ಟೇ ಸಂಭಾವನೆ ಕೊಟ್ಟು, "ಇವರು ನಿಮ್ಮ ಮೇಷ್ಟ್ರು" ಎಂದು ಮಕ್ಕಳ ಮುಂದೆ ಕೂರಿಸಬೇಕು. ಮೂಲೆಯಲ್ಲಿ ಡೆಮೊ ಮಾಡಿಸಿ ಕಳಿಸುವುದಲ್ಲ. ಚನ್ನಪಟ್ಟಣದ ಮಾತೂ ಇದೇ. ಮೊದಲೆಲ್ಲ ಮೈಸೂರಿಗೆ ಹೋಗುವಾಗ ರಸ್ತೆಬದಿಯ ಗೊಂಬೆ ಅಂಗಡಿಗಳನ್ನಾದರೂ ಮಕ್ಕಳು ಕಿಟಕಿಯಿಂದ ನೋಡುತ್ತಿದ್ದರು. 2023ರ ಎಕ್ಸ್‌ಪ್ರೆಸ್‌ವೇ ಬಂದ ಮೇಲೆ ಬಸ್ಸು ಊರನ್ನೇ ಬಳಸಿಕೊಂಡು ಹೋಗುತ್ತದೆ. ಯಂತ್ರದಲ್ಲಿ ತಿರುಗುವ ಆಲೆ ಎಂಬ ಮರದ ತುಂಡಿಗೆ ಅರಗಿನ ಕಡ್ಡಿ ಒತ್ತಿದರೆ ಉಜ್ಜಿದ ಬಿಸಿಗೇ ಅರಗು ಕರಗಿ ಬಣ್ಣ ಹಿಡಿಯುತ್ತದೆ. ಇದನ್ನು ಪಕ್ಕದಲ್ಲಿ ನಿಂತು, ಆ ವಾಸನೆ ಕುಡಿದು, ಒಂದು ಸಲ ಕಡ್ಡಿ ಹಿಡಿದು ನೋಡಿದ ಮಗುವಿಗೆ ಗೊಂಬೆಯ ಬೆಲೆ ಯಾಕೆ ಅಷ್ಟು ಎಂದು ಹೇಳಿಕೊಡಬೇಕಾಗಿಲ್ಲ.

ಇನ್ನು ದುಡ್ಡಿನ ವಿಷಯ. ಗ್ಯಾಲರಿಗಳು "ಶಾಲೆಗಳಿಗೆ ಪ್ರವೇಶ ಉಚಿತ" ಎಂದು ಹಾಕಿದರೆ ಸರ್ಕಾರಿ ಶಾಲೆಗೆ ಅರ್ಧ ಕಷ್ಟವೂ ತೀರುವುದಿಲ್ಲ. ಕಷ್ಟ ಇರುವುದು ಬಸ್ಸಿನ ಬಾಡಿಗೆಯಲ್ಲಿ. ಬೆಂಗಳೂರಿನ ದೊಡ್ಡ ಶಾಲೆಗಳಿಗೆ ಸ್ವಂತ ಬಸ್ಸಿದೆ, ಅವರು ತಿಂಗಳಿಗೊಮ್ಮೆ ಬರಬಲ್ಲರು. ನಮ್ಮ ಮಕ್ಕಳಿಗೆ ವರ್ಷಕ್ಕೆ ಒಂದೇ ಪ್ರವಾಸ, ಅದಕ್ಕೇ ತಂದೆತಾಯಿ ಆ ಒಂದು ದಿನದಲ್ಲಿ ಆರು ಜಾಗ ಕೇಳುತ್ತಾರೆ. ಕಂಪನಿಗಳು ಸಮಾಜದ ಕೆಲಸಕ್ಕೆ ಕೊಡುವ ಸಿಎಸ್ಆರ್ ದುಡ್ಡಿನಲ್ಲಿ ಕಿಟ್ ಹಂಚುವ ಬದಲು ಎರಡು ಬಸ್ಸು ಕೊಡಿ. ಇಲ್ಲವಾದರೆ ಗ್ಯಾಲರಿಯವರೇ ಒಂದು ಪೆಟ್ಟಿಗೆ ಹೊತ್ತು ಹಳ್ಳಿಗೆ ಬನ್ನಿ. ಬ್ಯಾಗಿಲ್ಲದ ಸಂಭ್ರಮ ಶನಿವಾರಗಳು ಸಣ್ಣ ಮಕ್ಕಳಿಗೆ ಇದ್ದೇ ಇವೆ, ಏನು ಮಾಡಿಸುವುದು ಎಂದು ಎಷ್ಟೋ ಶಾಲೆಗಳು ತಡಕಾಡುತ್ತಿವೆ. ಬಂದವರು ದಯವಿಟ್ಟು ಕನ್ನಡದಲ್ಲಿ ಮಾತಾಡಿ. ಟೆಕ್ಸ್‌ಚರ್, ಕಾಂಪೊಸಿಷನ್ ಎಂದ ಕೂಡಲೇ ನಮ್ಮ ಮಕ್ಕಳು ಬಾಯಿ ಮುಚ್ಚುತ್ತಾರೆ. ತರಿತರಿ, ನುಣುಪು, ತಗ್ಗು, ಉಬ್ಬು ಎಂದರೆ ಹತ್ತು ಕೈ ಮೇಲೇಳುತ್ತವೆ.

ಸ್ಟಾಫ್ ರೂಮಿನ ಪ್ರಶ್ನೆಗೆ ನನ್ನ ಉತ್ತರ ಇದು. ಮುಂದಿನ ಪೋಷಕರ ಸಭೆಯಲ್ಲಿ ತಂದೆತಾಯಿಯ ಕೈಗೇ ಒಂದೊಂದು ಸೋಪು, ಒಂದೊಂದು ಚಮಚ ಕೊಡುತ್ತೇನೆ. ಹೆಡ್ ಮಾಸ್ಟರ್ ಒಪ್ಪಿದ್ದಾರೆ. ಪ್ರವಾಸದ ಪಟ್ಟಿಯಲ್ಲಿ ಎಷ್ಟು ಜಾಗ ಇರಬೇಕು ಎಂಬ ಮಾತನ್ನು ಆಮೇಲೆ ಎತ್ತುತ್ತೇನೆ.

ಯಾವುದಾದರೂ ಗ್ಯಾಲರಿಯವರು ಇದನ್ನು ಓದುತ್ತಿದ್ದರೆ ಒಂದು ಕೋರಿಕೆ. ಡಿಸೆಂಬರಿನಲ್ಲಿ, ವಾರದ ನಡುವಿನ ಯಾವ ದಿನವಾದರೂ ಸರಿ, 48 ಮಕ್ಕಳಿಗೆ ನೆಲದ ಮೇಲೆ ಕೂರಲು ಒಂದು ಕೋಣೆ, ಕೈ ತೊಳೆಯಲು ಒಂದು ನಲ್ಲಿ, ಆಮೇಲೆ ನೋಡಲು ಒಂದೇ ಒಂದು ಕೃತಿ. ಎರಡು ಗಂಟೆ ಸಾಕು. ಸೋಪು, ಚಮಚ, ಒರೆಸುವ ಬಟ್ಟೆ ನಾವೇ ತರುತ್ತೇವೆ.