ಹಿಮದ ಗುಹೆ, ಅಟ್ಟದ ಬುರುಡೆ

ಉತ್ತರ ಧ್ರುವದ ಹತ್ತಿರದ ಸ್ವಾಲ್ಬಾರ್ಡ್ ದ್ವೀಪದಲ್ಲಿ ಜಗತ್ತಿನ ಬೆಳೆಗಳ ಬೀಜ ಕಾಪಿಟ್ಟ ಗುಹೆಯೆಂದರೆ ನಾರ್ವೆಯವರಿಗೆ ಹೆಮ್ಮೆ. ಹವಾಮಾನ ಕೆಟ್ಟು ನಾಗರಿಕತೆಯೇ ಕುಸಿದರೂ ಉಳಿದವರಿಗೆ ಬಿತ್ತನೆ ಸಿಗುತ್ತದೆಂಬ ನಂಬಿಕೆ. ಇಲ್ಲೇ ನೆಲೆಸಿದ್ದರೂ ನನಗೆ ಆ ನಂಬಿಕೆ ಅರ್ಧ ಮಾತ್ರ.

2008ರಲ್ಲಿ ಶುರುವಾದ ಆ ಗುಹೆಯೊಳಗೆ ಮೈನಸ್ 18 ಡಿಗ್ರಿ. ಅದು ಯಂತ್ರದ ಚಳಿ. ಕರೆಂಟು ಹೋದರೆ ಬಂಡೆಯ ಚಳಿ ಮೈನಸ್ 3-4ರಷ್ಟೇ. 2016ರಲ್ಲಿ ಬಾಗಿಲ ಸುರಂಗಕ್ಕೆ ನೀರು ನುಗ್ಗಿದರೂ ಬೀಜಕ್ಕೆ ತಾಕಲಿಲ್ಲ. ನನ್ನ ತಕರಾರು ಬೇರೆ. ಸಿರಿಯಾದ ಅಲೆಪ್ಪೊ ಬಳಿಯ ಬೀಜ ಬ್ಯಾಂಕು ಯುದ್ಧದಲ್ಲಿ ಕೈತಪ್ಪಿದಾಗ, 2015ರಲ್ಲಿ ಇಲ್ಲಿಂದ ಬೀಜ ತೆಗೆದು ಲೆಬನಾನ್, ಮೊರಾಕ್ಕೊಗಳಲ್ಲಿ ಬೆಳೆದರು. ಆಗ ವಿಮಾನವಿತ್ತು, ಹೊಲವಿತ್ತು, ಬೆಳೆಯಬಲ್ಲವರಿದ್ದರು. ಒಂದು ಪೊಟ್ಟಣದಲ್ಲಿ ಸುಮಾರು 500 ಕಾಳು. ರಾಗಿಯಾದರೆ ಒಂದೂವರೆ ಗ್ರಾಂ. ಎಕರೆ ನಾಟಿಗೆ 2 ಕೆ.ಜಿ. ಬೇಕು. ಅಷ್ಟಾಗಲು ಮೊದಲು ಒಂದು ಬೆಳೆಯಾದರೂ ಆಗಬೇಕು. ಅಲ್ಲಿಯವರೆಗೆ ಊಟ?

ಊರಲ್ಲಿ ಹಗೇವು ಇತ್ತಲ್ಲ ಎನ್ನಬೇಡಿ. ಹಗೇವು ಊಟದ ರಾಗಿಗೆ. ಮುಚ್ಚಿದ ಗುಂಡಿಯಲ್ಲಿ ಕಾಳಿನ ಉಸಿರಿಗೇ ಆಮ್ಲಜನಕ ತೀರಿ ಹುಳ ಬದುಕುವುದಿಲ್ಲ (ದೀಪ ಇಳಿಬಿಟ್ಟು ನೋಡದೆ ಇಳಿದ ಮನುಷ್ಯರೂ ಬದುಕಿಲ್ಲ). ಆದರೆ ನೆಲದ ತೇವ ಹತ್ತಿದ ಕಾಳು ಮುದ್ದೆಗಾದೀತು, ಮೊಳೆಯುವುದು ಅನುಮಾನ. ಬಿತ್ತನೆಯದು ಬೇರೆ ಜಾಗ: ಒಲೆಯ ಮೇಲಿನ ಅಟ್ಟ, ಹೊಗೆ ಕುಡಿಯುವ ಸೋರೆ ಬುರುಡೆ.

ಚಳಿಯಿಲ್ಲದವರಿಗೆ ಒಣಗಿಸುವುದೇ ದಾರಿ, ಅದೇನೂ ಕಡಿಮೆಯಲ್ಲ. ತೇವ ಶೇ. 1ರಷ್ಟು ಇಳಿದರೆ ಬೀಜದ ಆಯುಸ್ಸು ಸುಮಾರು ಇಮ್ಮಡಿ. ಚಳಿಯಿಂದ ಅಷ್ಟೇ ಫಲ ಪಡೆಯಲು 5 ಡಿಗ್ರಿ ಇಳಿಸಬೇಕು. ತುಂಬಿದ ತೆನೆಗಳನ್ನು ಹೊಲದಲ್ಲೇ ಆಯ್ದು, ಬಡಿದು, ಚಾಪೆಯ ಮೇಲೆ ಬೆಳಗಿನ ಬಿಸಿಲಿಗೆ ಮೂರ್ನಾಲ್ಕು ದಿನ ಹರವಬೇಕು. ಮಧ್ಯಾಹ್ನ ಕಾದ ಸಿಮೆಂಟ್ ಅಂಗಳದಲ್ಲಿ ಹರವಿದರೆ ಮೊಳಕೆಯ ಜೀವವೇ ಬೆಂದುಹೋಗುತ್ತದೆ. ಹಲ್ಲಿಗಿಟ್ಟರೆ ಕಟಕ್ಕೆನ್ನಬೇಕು. ಬಿಸಿಯಿರುವಾಗಲೇ ತುಂಬಿದರೆ ಒಳಗೆ ಬೆವರಿ ಬೂಸ್ಟು ಹಿಡಿಯುತ್ತದೆ, ರಾತ್ರಿ ಹೊರಗೆ ಬಿಟ್ಟರೆ ಇಬ್ಬನಿ ಹೀರುತ್ತದೆ. ನೆರಳಲ್ಲಿ ಆರಿಸಿ ಸಂಜೆಯೊಳಗೆ ತುಂಬಿ, ಬಾಯಿಗೆ ಸಗಣಿ ಮಣ್ಣು ಮೆತ್ತಬೇಕು. ರಾಗಿಗೆ ಹುಳದ ಕಾಟ ಕಡಿಮೆ. ಅವರೆ, ಅಲಸಂದೆಗೆ ಮಾತ್ರ ಜರಡಿ ಹಿಡಿದ ಒಣ ಬೂದಿಯನ್ನು ಧಾರಾಳವಾಗಿ ಬೆರೆಸದಿದ್ದರೆ ಉಳಿಯುವುದು ಹಿಟ್ಟು.

ಮುಂಗಾರಿಗೆ ಹದಿನೈದು ದಿನ ಮುಂಚೆ 100 ಕಾಳು ಎಣಿಸಿ ಒದ್ದೆ ಬಟ್ಟೆಯಲ್ಲಿ ಸುತ್ತಿಡಿ. ವಾರದಲ್ಲಿ 75 ಮೊಳೆಯದಿದ್ದರೆ ಬಿತ್ತನೆ ಹೆಚ್ಚಿಸಬೇಕು. ಅರ್ಧಕ್ಕಿಂತ ಕೆಳಗಿಳಿದರೆ ಆ ಬುರುಡೆ ಅಂಬಲಿಗೆ; ಬಿತ್ತನೆಗೆ ಪಕ್ಕದ ಮನೆಯ ಅಟ್ಟವನ್ನೇ ಕೇಳಬೇಕು.